ವೈರು ಕಿತ್ತ ಮೇಲೂ ಟ್ರಿಪ್ ಆದ ಬ್ರೇಕರ್

ದೆವ್ವ, ಪವಾಡ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಮೊದಲು ನಗುವವನು ನಾನು. ಇಪ್ಪತ್ತು ವರ್ಷಗಳಿಂದ ವಿಜಯನಗರದಲ್ಲಿ ಜನರೇಟರ್ ಬಾಡಿಗೆಗೆ ಕೊಡುವ ಕೆಲಸ ನನ್ನದು. ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಬಳಕಾಯಿ ಒಡೆಯುತ್ತೇನೆ, ನಿಜ. ಅದು ಹೆಂಡತಿಯ ಬಾಯಿಗೆ ಹೆದರಿ. ಕಾರಣವಿಲ್ಲದೆ ಕರೆಂಟು ಏನನ್ನೂ ಮಾಡುವುದಿಲ್ಲ ಎಂಬುದೊಂದೇ ನನ್ನ ನಂಬಿಕೆ. ಹಾಗಿದ್ದೂ ಈಗ ಹೇಳಹೊರಟಿರುವುದು ನನಗೆ ಇವತ್ತಿಗೂ ಕಾರಣ ಸಿಗದ ಸಂಗತಿ. ನೀವು ನಕ್ಕರೆ ಬೇಜಾರಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಬಸವೇಶ್ವರನಗರದ ಒಂದು ಛತ್ರದಲ್ಲಿ ಮದುವೆ. ಅಂದು ಬೆಳಿಗ್ಗೆಯಿಂದ ಕರೆಂಟ್ ಇರುವುದಿಲ್ಲವೆಂದು ಮೊದಲೇ ಗೊತ್ತಿದ್ದರಿಂದ ನನ್ನನ್ನು ಕರೆಸಿದ್ದರು. ಅಡುಗೆಯ ಯಜಮಾನಿಕೆ ಕೆಂಗೇರಿಯ ಗಿರಿಜಕ್ಕನದು. ಐನೂರು ಜನರ ಊಟವನ್ನು ಬರೀ ಗಂಟಲಿನಿಂದಲೇ ಬೇಯಿಸಬಲ್ಲಂಥ ಹೆಂಗಸು. ನನ್ನನ್ನು ಕಂಡರೆ, "ಬಂದ್ಯೇನಪ್ಪ? ನಿನ್ ಹೊಗೆ ನನ್ ಸಾರಿಗೆ ಬೀಳದಂಗೆ ದೂರ ನಿಲ್ಸು" ಎನ್ನುವರು. ಹಾಗಾಗಿ ಯಂತ್ರವನ್ನು ಹಿತ್ತಲಿನ ಗೇಟಿನಾಚೆ, ಗಲ್ಲಿಯಲ್ಲಿ ನಿಲ್ಲಿಸಿದ್ದೆ.

ಜನರೇಟರ್ ಎಂದರೆ ಬರೀ ಇಂಜಿನ್ನಿನ ಗದ್ದಲ ಎಂದುಕೊಳ್ಳುತ್ತಾರೆ ಜನ. ಅಸಲಿ ಕೆಲಸ ಇರುವುದು ಅದರ ಪಕ್ಕದ ಪೆಟ್ಟಿಗೆಯಲ್ಲಿ. ಹುಟ್ಟಿದ ಕರೆಂಟು ಮೊದಲು ಒಂದು ದೊಡ್ಡ ಬ್ರೇಕರ್ ದಾಟಿ, ಆಮೇಲೆ ಬೇರೆ ಬೇರೆ ಕೇಬಲ್ ಹಿಡಿದು ಮಂಟಪಕ್ಕೆ, ಊಟದ ಹಾಲಿಗೆ, ಅಡುಗೆಮನೆಗೆ ಹೋಗುತ್ತದೆ. ಲೋಡು ಮಿತಿಮೀರಿದರೆ, ವೈರಿಗೆ ವೈರು ತಾಗಿದರೆ ಬ್ರೇಕರ್ ತಾನೇ ಟ್ರಿಪ್ ಆಗಿ ಕರೆಂಟು ಕಡಿಯುತ್ತದೆ. ಆದರೆ ಮನುಷ್ಯನಿಗೆ ಶಾಕ್ ಹೊಡೆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ನೂರು ಆಂಪಿಯರ್ ಹೊರುವ ಬ್ರೇಕರಿಗೆ, ಒಂದು ಜೀವ ತೆಗೆಯುವಷ್ಟು ಕರೆಂಟು ಯಾವ ಲೆಕ್ಕ? ಅದಕ್ಕೆಂದೇ ಒಳಗೊಂದು ಪುಟ್ಟ ರಿಲೇ ಇರುತ್ತದೆ. ಹೋದ ಕರೆಂಟು ಅಷ್ಟೂ ವಾಪಸ್ ಬಂತೇ ಎಂದು ನೋಡುವುದಷ್ಟೇ ಅದರ ಕೆಲಸ. ಸ್ವಲ್ಪ ಕಮ್ಮಿಯಾದರೂ ಎಲ್ಲೋ ನೆಲಕ್ಕೆ ಇಳಿಯುತ್ತಿದೆ ಎಂದರ್ಥ. ತಕ್ಷಣ ಒಂದು ತೆಳು ವೈರಿನ ಮೂಲಕ ಬ್ರೇಕರನ್ನು ಬೀಳಿಸುತ್ತದೆ.

ಆ ದಿನ ಅದು ಎರಡು ಸಲ ಬೀಳಿಸಿತು. ಎರಡನೆಯ ಸಲ ಹುಡುಗಿಯ ಸೋದರಮಾವ ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದರು. "ಏನ್ರೀ ನಿಮ್ದು ಕತೆ? ಧಾರೆ ಟೈಮಿಗೆ ಮೈಕಿಲ್ಲ, ಲೈಟಿಲ್ಲ. ಬೀಗರ ಮುಂದೆ ಮರ್ಯಾದೆ ತೆಗೀಬೇಕು ಅಂತಲೇ ಬಂದಿದ್ದೀರಾ?"

ಹೂವಿನ ಚಪ್ಪರಕ್ಕೆ ನೀರು ಚಿಮುಕಿಸಿದ್ದಾರೆ, ಅದರೊಳಗಿನ ದೀಪದ ಸರ, ಸೀರಿಯಲ್ ಸೆಟ್, ನೆಂದಿದೆ, ಅಷ್ಟೇ ಎಂದು ನಾನು ತೀರ್ಮಾನಿಸಿದೆ. ಹೋಗಿ ನೋಡಲಿಲ್ಲ. ನಮ್ಮ ಕಸುಬಿನವರಿಗೆ ಒಂದು ಕೆಟ್ಟ ಚಾಳಿಯಿದೆ: ಮುಹೂರ್ತದ ಹೊತ್ತಿನಲ್ಲಿ ರಿಲೇ ತಂಟೆ ಮಾಡಿದರೆ ಆ ತೆಳು ವೈರನ್ನೇ ಕಿತ್ತುಬಿಡುವುದು. ಊಟದ ಹೊತ್ತಿಗೆ ಮತ್ತೆ ಹಾಕಿದರಾಯಿತು ಎನ್ನುವ ಧೈರ್ಯ. ನಾನೂ ಕಿತ್ತೆ, ತುದಿಗೆ ಟೇಪ್ ಸುತ್ತಿದೆ, ಬ್ರೇಕರ್ ಎತ್ತಿದೆ. ಮಂಟಪದಲ್ಲಿ ಲೈಟು ಹತ್ತಿತು. ಪೆಟ್ಟಿಗೆಗೆ ಬೀಗ ಹಾಕಿ, ಬಲು ಬುದ್ಧಿವಂತನ ಗತ್ತಿನಲ್ಲಿ ಕಾಫಿಗೆಂದು ಅಡುಗೆಮನೆಗೆ ಹೋದೆ.

ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದೇನೆ. ಎದುರಿಗೆ ಗಿರಿಜಕ್ಕ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು, ಓಡುತ್ತಿದ್ದ ಗ್ರೈಂಡರಿನ ಸ್ಟೀಲ್ ಮೈ ಮೇಲೆ ಕೈಯಿಟ್ಟರು. ಕೈ ಅಲ್ಲೇ ಅಂಟಿಕೊಂಡಿತು. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಆ ಗಂಟಲಿನಿಂದ ದನಿ ಬಾರದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಾರಣ ಕ್ಷಣದಲ್ಲಿ ಹೊಳೆಯಿತು. ನೆಂದಿದ್ದು ಸೀರಿಯಲ್ ಸೆಟ್ ಅಲ್ಲ, ರಿಲೇ ಎರಡು ಸಲ ಹೇಳಿದ್ದು ಈ ಗ್ರೈಂಡರಿನ ವಿಷಯ. ಹೇಳುವವನ ಬಾಯಿ ಮುಚ್ಚಿಸಿದ್ದು ನಾನು. ಪ್ಲಗ್ಗು ಅವರ ಬೆನ್ನ ಹಿಂದೆ, ಬ್ರೇಕರ್ ಗಲ್ಲಿಯಲ್ಲಿ, ಅದರ ಬೀಗದ ಕೈ ನನ್ನ ಜೇಬಿನಲ್ಲಿ. ಅಯ್ಯೋ, ಕೈಯಾರೆ ಕೊಂದುಬಿಟ್ಟೆನಲ್ಲಾ ಎಂದುಕೊಂಡು ಲೋಟ ಹಿಡಿದೇ ನಿಂತೆ. ಕೂಗಿದೆ, ಅಷ್ಟೇ.

ಲೈಟು ಹೋಯಿತು. ಗ್ರೈಂಡರ್ ನಿಂತಿತು. ಹೊರಗೆ ಇಂಜಿನ್ ಮಾತ್ರ ಹೊರೆ ಇಳಿಸಿಕೊಂಡು ಹಗುರಾಗಿ ಓಡುತ್ತಲೇ ಇತ್ತು. ಗಿರಿಜಕ್ಕ ಕೊತ್ತಂಬರಿ ಸೊಪ್ಪಿನ ರಾಶಿಯ ಮೇಲೆ ಕುಸಿದು ಕೂತರು. ಎಲ್ಲರೂ ಸುತ್ತುವರಿದು ಗಾಳಿ ಬೀಸುತ್ತಿರುವಾಗ ಅವರ ಮೊದಲ ಮಾತು, "ಅಯ್ಯೋ, ಚಟ್ನಿ ಅರ್ಧಕ್ಕೇ ನಿಂತೋಯ್ತಲ್ರೋ!" ನಾನು ಅಲ್ಲೇ ನಗುತ್ತಾ ಅತ್ತುಬಿಟ್ಟೆ. ಪಕ್ಕದ ನರ್ಸಿಂಗ್ ಹೋಮಿನಲ್ಲಿ ತೋರಿಸಿದ್ದಾಯಿತು. ಏನೂ ತೊಂದರೆಯಿಲ್ಲ ಎಂದರು.

ಅವರನ್ನು ಅತ್ತ ಕರೆದೊಯ್ದ ಕೂಡಲೇ ನಾನು ಓಡಿಹೋಗಿ ಪೆಟ್ಟಿಗೆ ನೋಡಿದೆ. ಬೀಗ ಹಾಕಿದ ಹಾಗೇ ಇತ್ತು. ಕೈಯಿಂದ ಆಫ್ ಮಾಡಿದರೆ ಬ್ರೇಕರಿನ ಹಿಡಿ ಪೂರ್ತಿ ಕೆಳಗಿರುತ್ತದೆ. ತಾನೇ ಟ್ರಿಪ್ ಆದರೆ ನಡುವೆ ನಿಲ್ಲುತ್ತದೆ. ನಡುವೆ ನಿಂತಿತ್ತು. ಕಿತ್ತ ವೈರು ಟೇಪ್ ಸುತ್ತಿದ ಹಾಗೇ ಜೋತಾಡುತ್ತಿತ್ತು. ಮೊದಲು ಅಡುಗೆಮನೆಯ ಕೇಬಲ್ ಬಿಚ್ಚಿ, ವೈರು ಮತ್ತೆ ಜೋಡಿಸಿ, ಮಂಟಪಕ್ಕೆ ಕರೆಂಟ್ ಕೊಟ್ಟೆ. ಧಾರೆ ಸಾಂಗವಾಗಿ ನಡೆಯಿತು.

ಆ ಬ್ರೇಕರನ್ನು ಶೆಡ್ಡಿಗೆ ತಂದು ವಾರಗಟ್ಟಲೆ ಪರೀಕ್ಷಿಸಿದೆ. ಅವತ್ತಿನದಕ್ಕಿಂತ ಹೆಚ್ಚು ಲೋಡು ಕೊಟ್ಟೆ, ಬಿಸಿ ಮಾಡಿದೆ, ಸುತ್ತಿಗೆಯಿಂದ ತಟ್ಟಿಯೂ ನೋಡಿದೆ. ಜಪ್ಪಯ್ಯ ಎಂದರೂ ಬೀಳಲಿಲ್ಲ. ಮಹಾಲಕ್ಷ್ಮಿ ಲೇಔಟಿನ ನನ್ನ ಇಂಜಿನಿಯರ್ ಗೆಳೆಯ, "ಇಂಜಿನ್ ಅದುರಿದ್ದಕ್ಕೆ ಬಿದ್ದಿರ್ಬೇಕು ಬಿಡೋ" ಎಂದ. ಇರಬಹುದು. ಆದರೆ ಎಲ್ಲ ಬಿಟ್ಟು ಆ ಕ್ಷಣಕ್ಕೇ ಯಾಕೆ ಎಂದು ಕೇಳಿದರೆ ಅವನು ಇನ್ನೊಂದು ಕಾಫಿ ತರಿಸುತ್ತಾನೆ.

ಛತ್ರದವರೆಲ್ಲ ನಾನೇ ಓಡಿಹೋಗಿ ಆಫ್ ಮಾಡಿದೆ ಎಂದುಕೊಂಡರು. ನಾನು ಅಲ್ಲ ಎನ್ನಲಿಲ್ಲ. ಅಂದಿನಿಂದ ಪ್ರತಿ ಯುಗಾದಿಗೆ ಗಿರಿಜಕ್ಕ ಡಬ್ಬಿ ತುಂಬ ಹೋಳಿಗೆ ಕಳಿಸತೊಡಗಿದರು. ತಿನ್ನುತ್ತಿದ್ದೆ, ಆದರೆ ಕದ್ದು ತಿಂದ ಹಾಗಿರುತ್ತಿತ್ತು. ಹೋದ ಯುಗಾದಿಗೆ ತಡೆಯಲಾರದೆ ಡಬ್ಬಿ ಹಿಡಿದುಕೊಂಡು ಕೆಂಗೇರಿಗೇ ಹೋದೆ. "ಗಿರಿಜಕ್ಕ, ಆಫ್ ಮಾಡಿದ್ದು ನಾನಲ್ಲ. ನಿಮ್ಮನ್ನ ಕಾಯ್ಬೇಕಿದ್ದ ವೈರನ್ನ ಕಿತ್ತಿದ್ದೇ ನಾನು" ಎಂದು ಎಲ್ಲ ಒಪ್ಪಿಸಿದೆ.

ಅವರು ಡಬ್ಬಿ ಈಸಿಕೊಂಡು ಪಕ್ಕಕ್ಕಿಟ್ಟರು. "ವೈರು ಕಿತ್ತಿದ್ದಕ್ಕೆ ನಿಂಗೆರಡು ಬಾರಿಸ್ಬೇಕು. ಆದ್ರೆ ನೀನು ಆಫ್ ಮಾಡ್ಲಿಲ್ಲ ಅಂತ ನಂಗೆ ಅವತ್ತೇ ಗೊತ್ತು ಕಣಪ್ಪ. ಲೋಟ ಹಿಡ್ಕೊಂಡು ಬಾಗ್ಲಲ್ಲಿ ನಿಂತಿದ್ದೆ, ನಾನ್ ನೋಡ್ಲಿಲ್ವಾ?"

"ಮತ್ತೆ ಹೋಳಿಗೆ ಯಾಕೆ ಕಳಿಸ್ತೀರಿ?"

"ಇನ್ಯಾರಿಗೆ ಕಳಿಸ್ಲಿ? ಆಫ್ ಮಾಡಿದ್ದು ಯಾರು ಅಂತ ಹೇಳು, ಮುಂದಿನ್ ಸಲದಿಂದ ಅವ್ರ ಮನೆಗೇ ಕಳಿಸ್ತೀನಿ."

ನನಗೆ ವಿಳಾಸ ಗೊತ್ತಿಲ್ಲ. ಹೋಳಿಗೆ ಈ ಸಲವೂ ನಮ್ಮ ಮನೆಗೇ ಬಂತು.