ಊಟದ ಮೇಜಿನ ಮೇಲೊಂದು ರೈಲು ನಿಲ್ದಾಣ

ಕಾಕಾ ಅವರ ಬಲಗೈಯ ಹೆಬ್ಬೆರಳು ಚಮಚದ ತುದಿಯಂತೆ ಚಪ್ಪಟೆಯಾಗಿತ್ತು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಎರಡು ಕಬ್ಬಿಣದ ತುಂಡುಗಳ ನಡುವೆ ಸಿಕ್ಕಿ ಅಗಲವಾಗಿದ್ದ ಆ ಬೆರಳಿಗೆ ಉಗುರು ಮತ್ತೆ ಬಂದಿರಲಿಲ್ಲ. ರಟ್ಟಿನ ಗೋಡೆಗೆ ಅಂಟು ಹಚ್ಚಿ, ಆ ಬೆರಳನ್ನು ಅದರ ಮೇಲೆ ಒತ್ತಿ ಹಿಡಿದು, ಅಂಟು ಒಣಗುವವರೆಗೆ ಅವರು ಮಾತನಾಡುತ್ತಿದ್ದರು. ಅಂಟು ಒಣಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ಬೆರಳೂ ಅಲ್ಲಿಯೇ ಇರುತ್ತಿತ್ತು.

ನಾನು ಅವರನ್ನು ಮೊದಲು ಕಂಡದ್ದು ಸ್ಯಾನ್ ಹೋಸೆ ಬಳಿಯ ಸರಟೋಗಾದಲ್ಲಿ, ಕನ್ನಡಿಗರೊಬ್ಬರ ಮನೆಯ ಯುಗಾದಿ ಊಟದಲ್ಲಿ. ಡಾಟ್‌ಕಾಮ್ ಕಂಪನಿಗಳು ಏರುತ್ತಲೇ ಇದ್ದ ಕಾಲ. ಕೈಯಲ್ಲಿ ತಟ್ಟೆ ಹಿಡಿದವರೆಲ್ಲರ ಬಾಯಲ್ಲಿ ಷೇರಿನ ಮಾತೇ. ನಾನು ಸ್ಯಾನ್ ಹೋಸೆಯ ಒಂದು ಸಣ್ಣ ಕಚೇರಿಯಲ್ಲಿ, ಬೇರೆಯವರು ವಿನ್ಯಾಸ ಮಾಡಿದ ಕಟ್ಟಡಗಳ ಶೌಚಾಲಯಗಳ, ಕಾರು ನಿಲ್ಲಿಸುವ ಜಾಗಗಳ ನಕ್ಷೆ ಬರೆಯುತ್ತಿದ್ದೆ.

"ಆರ್ಕಿಟೆಕ್ಟಾ? ಸಿಸ್ಟಮ್ಸ್ ಆರ್ಕಿಟೆಕ್ಟ್ ತಾನೆ?" ಎಂದರು ಒಬ್ಬರು.

"ಅಲ್ಲ, ಕಟ್ಟಡದ್ದು."

"ಓ. ಪರವಾಗಿಲ್ಲ ಬಿಡಮ್ಮ, ಒಂದು ಕೋರ್ಸು ಮಾಡ್ಕೊಂಡ್ರೆ ಸಾಫ್ಟ್‌ವೇರ್‌ಗೆ ಕನ್ವರ್ಟ್ ಆಗ್ಬಹುದು."

ಪಕ್ಕದಲ್ಲಿ ಕುಳಿತಿದ್ದ ಎತ್ತರದ ಮುದುಕರು ಕೋಸಂಬರಿ ಮೆಲ್ಲುತ್ತಲೇ ನನ್ನತ್ತ ತಿರುಗಿದರು. "ಗ್ವಾಡಿ, ಕಿಡಕಿ, ಬಾಗಲಾ? ಖರೇನ ಕಟ್ಟೂದು?"

"ಹೌದು ಸರ್."

"ಸರ್ ಅಂದ್ರ ಯಾಂವ? ಕಾಕಾ ಅನ್ನು. ಶನಿವಾರ ಮನಿಗೆ ಬಾ ಯವ್ವಾ. ನನ್ನ ಹತ್ರ ಒಂದು ಸ್ಟೇಷನ್ ಐತಿ."

ಅವರು ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಮಾಡುತ್ತಿರಲಿಲ್ಲ.

ಲಾಸ್ ಆಲ್ಟೋಸ್‌ನ ಅವರ ಮನೆಗೆ ಹೋದಾಗ, ಊಟದ ಮೇಜಿನ ಮೇಲೆ ಒಂದು ರೈಲು ನಿಲ್ದಾಣದ ರಟ್ಟಿನ ಮಾದರಿ ಅರ್ಧ ಎದ್ದು ನಿಂತಿತ್ತು. ಅದು ಜರ್ಮನಿಯ ಒಂದು ಪುಟ್ಟ ಊರಿನದು. ಕಾಕಾ ಯುವಕರಾಗಿದ್ದಾಗ ಆ ಊರಿನ ಹತ್ತಿರದ ವ್ಯಾಗನ್ ಕಾರ್ಖಾನೆಯೊಂದರಲ್ಲಿ ತರಬೇತಿಗೆಂದು ಹೋಗಿದ್ದರು. ನಿಲ್ದಾಣದ ಎಡಕ್ಕೆ ಟಿಕೆಟ್ ಕೋಣೆ, ಬಲಕ್ಕೆ ಒಂದು ಊಟದ ಹೋಟೆಲು, ನಡುವೆ ಎತ್ತರದ ಕಿಟಕಿಗಳ ಕಾಯುವ ಹಜಾರ. ಹಿಂದೆ ಶರತ್ಕಾಲದಲ್ಲಿ ಅಲ್ಲಿಂದ ಸಕ್ಕರೆ ಮಾಡುವ ಬೀಟ್‌ಗೆಡ್ಡೆ ತುಂಬಿದ ವ್ಯಾಗನ್‌ಗಳು ಹೋಗುತ್ತಿದ್ದವಂತೆ. ಮಂಡ್ಯದ ಕಬ್ಬಿನ ಗಾಡಿಗಳ ನಡುವೆ ಬೆಳೆದ ನನಗೆ ಈ ಒಂದು ವಿವರದಿಂದಲೇ ಆ ಊರು ಪರಿಚಿತವೆನಿಸಿಬಿಟ್ಟಿತು. ಯುದ್ಧದಲ್ಲಿ ನಿಲ್ದಾಣದ ಮಾಡು ಸುಟ್ಟಿತ್ತು. ಊರಿನವರೇ ಸೇರಿ ಮತ್ತೆ ಹೊದಿಸಿದ್ದರು. ಬಳಿಕ ರೈಲುಗಳು ಕಡಿಮೆಯಾದವು. ಟಿಕೆಟ್ ಕೊಡುವವನ ಜಾಗಕ್ಕೆ ಯಂತ್ರ ಬಂತು, ಹೋಟೆಲು ಮುಚ್ಚಿತು, ಕಿಟಕಿಗಳಿಗೆ ಹಲಗೆ ಹೊಡೆದರು. ರೈಲು ಇನ್ನೂ ನಿಲ್ಲುತ್ತಿತ್ತು. ಜನ ಮಾತ್ರ ಹೊರಗೆ ಗಾಳಿಯಲ್ಲಿ ನಿಂತು ಕಾಯುತ್ತಿದ್ದರು. ಕೊನೆಗೆ ರೈಲ್ವೆಯವರು ಕಟ್ಟಡವನ್ನು ಮಾರಾಟಕ್ಕಿಟ್ಟಾಗ, ಇಲ್ಲಿಗೆ ಬಂದ ಮೇಲೆ ತಾವು ಸೇರಿದ್ದ ಕಂಪನಿಯ ಷೇರುಗಳು ಮೇಲೇರಿದ್ದ ಗಳಿಗೆಯಲ್ಲಿ, ಕಾಕಾ ಅದನ್ನು ಕೊಂಡಿದ್ದರು.

"ಎಲ್ಲಾರೂ ಸರಟೋಗಾದಾಗ ಮನಿ ತಗೊಂಡ್ರು. ನಾ ಸ್ಟೇಷನ್ ತಗೊಂಡೆ. ಹುಚ್ಚ ಅಂತಾರ. ಅನ್ಲಿ," ಎಂದು ನಕ್ಕರು.

"ಹಂಗ ಅನ್ನೋರು ಸುಳ್ಳು ಹೇಳೂದಿಲ್ಲ," ಎಂದು ಅಡುಗೆಮನೆಯಿಂದ ದನಿ ಬಂತು. ರೊಟ್ಟಿಯ ಹಿಟ್ಟು ಮೆತ್ತಿದ ಕೈಗಳನ್ನು ಮುಂದೆ ಹಿಡಿದುಕೊಂಡು, ನೀಲಿ ಕಣ್ಣಿನ, ಬಿಳಿಯ ಕೂದಲಿನ ಹೆಂಗಸೊಬ್ಬರು ಹೊರಬಂದರು. ಅವರೇ ಕಾಕೂ, ಕಾಕಾ ಅವರ ಹೆಂಡತಿ. ಆ ನಿಲ್ದಾಣದ ಹೋಟೆಲಿನವನ ಮಗಳು. ಮದುವೆಯಾದ ಮೇಲೆ ಹುಬ್ಬಳ್ಳಿಯಲ್ಲಿ ಅತ್ತೆಯ ಕೈಕೆಳಗೆ ವರ್ಷಗಟ್ಟಲೆ ಪಳಗಿದವರು. ನನ್ನ ತಿದ್ದಿದ ಕನ್ನಡಕ್ಕಿಂತ ಅವರ ಕನ್ನಡದಲ್ಲಿ ಜೀವ ಹೆಚ್ಚಿತ್ತೆಂದರೆ ತಪ್ಪಾಗಲಾರದು.

ಮೇಜನ್ನು ನಿಲ್ದಾಣ ಆಕ್ರಮಿಸಿದ್ದರಿಂದ ಆ ಮನೆಯಲ್ಲಿ ಎಲ್ಲರೂ ಅಡುಗೆಕಟ್ಟೆಗೆ ಒರಗಿ ನಿಂತೇ ಊಟ ಮಾಡುತ್ತಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಿಂತು ಉಣ್ಣುತ್ತಲೇ ಕಾಕಾ ಆ ಹಜಾರದ ಕಥೆ ಹೇಳುತ್ತಿದ್ದರು. ಒಂದು ಚಳಿಗಾಲದ ಸಂಜೆ ಅವರಿಗೆ ಕೊನೆಯ ರೈಲು ತಪ್ಪಿತ್ತು. ನಿಯಮದ ಪ್ರಕಾರ ಹಜಾರಕ್ಕೆ ಬೀಗ ಹಾಕಬೇಕು. ಹೋಟೆಲಿನವನ ಮಗಳು ತಂದೆಯೊಡನೆ ವಾದಿಸಿ, ಒಲೆಯ ಪಕ್ಕದ ಬೆಂಚಿನಲ್ಲಿ ಈ ಪರದೇಶಿಯನ್ನು ಉಳಿಸಿಕೊಂಡಳು.

"ಬಿಸಿ ಸೂಪ್ ತಂದು ಕೊಟ್ಟಳು," ಎನ್ನುತ್ತಿದ್ದರು ಕಾಕಾ.

"ಸೂಪ್ ತೀರಿತ್ತು. ಕಾಫಿ."

"ಸೂಪ್."

"ಯವ್ವಾ, ಇವರ ಮಾತು ಕೇಳಬ್ಯಾಡ. ಇರ್ಲೇನು ಅಂತ ನನ್ನ ಕೇಳಲೂ ಇಲ್ಲ, ಕುಂತಲ್ಲೇ ಮಲಗಿಬಿಟ್ಟಿದ್ರು. ಮದಿವಿ ಆಗ್ತೀ ಏನು ಅಂತನೂ ಕೇಳಲಿಲ್ಲ. ಹುಬ್ಬಳ್ಳಿಗೆ ಎರಡು ಟಿಕೀಟು ತಗೊಂಡು ಬಂದ್ರು!"

"ನೀ ಬರಾಕಿ ಅಂತ ಗೊತ್ತಿತ್ತು. ಕೇಳೂದೇನು?"

ನಾವು ಮೂವರೂ ನಗುತ್ತಿದ್ದೆವು. ನಾನು ಎಲ್ಲರಿಗಿಂತ ಹೆಚ್ಚು ನಕ್ಕಿದ್ದೇನೆ.

ಕಾಕಾ ನನಗೆ ವಹಿಸಿದ್ದು ಆ ಕಟ್ಟಡದ ಮರುವಿನ್ಯಾಸವನ್ನು. ಅಲ್ಲಿಯ ಕಾನೂನಿಗೆ ತಕ್ಕಂತೆ ಸಹಿ ಹಾಕಲು ಆ ಊರಿನಲ್ಲಿಯೇ ಒಬ್ಬ ವಾಸ್ತುಶಿಲ್ಪಿ ಇದ್ದರು. ಆದರೆ ಯೋಚನೆ ನನ್ನದಾಗಬೇಕು, ನಕ್ಷೆಯ ಮೂಲೆಯಲ್ಲಿ 'ವಿನ್ಯಾಸ' ಎಂಬಲ್ಲಿ ನನ್ನ ಹೆಸರಿರಬೇಕು ಎಂದು ಅವರು ಮೊದಲ ದಿನವೇ ಮಾತು ಕೊಟ್ಟರು. ಆ ಮಾತು ನನಗೆ ಎಷ್ಟು ದೊಡ್ಡದಾಗಿತ್ತೆಂದು ಅವರಿಗೆ ಗೊತ್ತಿತ್ತು. ನಮ್ಮ ತಂದೆ ಮಂಡ್ಯದಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ಜೀವಮಾನವಿಡೀ ಇನ್ನೊಬ್ಬರ ನಕ್ಷೆಗೆ ಇಟ್ಟಿಗೆ ಜೋಡಿಸಿದವರು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಫೋನು ಮಾಡಿದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ನಿಂದು ಅಂತ ಒಂದು ಕಟ್ಟಡ ಎದ್ದೈತೇನವ್ವ?"

ನನಗೆ ಭಯವೆಂಬುದು ಕೈಗೇ ಅಂಟಿಕೊಂಡಿತ್ತು. ಒಂದು ಗೆರೆ ಎಳೆದು, ತಪ್ಪಾಯಿತೇನೋ ಎಂದು ಅಳಿಸಿ, ಅದರ ಮೇಲೆಯೇ ಮತ್ತೆ ಎಳೆಯುತ್ತಿದ್ದೆ. ಕಾಕಾ ಒಮ್ಮೆ ನನ್ನ ಕೈಯಿಂದ ರಬ್ಬರನ್ನು ತೆಗೆದು ಕಿಟಕಿಯಾಚೆ ಹುಲ್ಲಿಗೆ ಎಸೆದರು.

"ಅಂಜಿ ಎಳದ ಗೆರಿ ಕಟ್ಟಾಂವಗ ಗೊತ್ತಾಗತೈತಿ ಯವ್ವಾ. ಅವನೂ ಅಂಜತಾನ. ಆಮ್ಯಾಲೆ ಗ್ವಾಡಿನೂ ಅಂಜತೈತಿ. ಒಂದ ಸಲ ನೋಡು, ಒಂದ ಸಲ ಎಳಿ."

ಆ ವರ್ಷದ ಶನಿವಾರಗಳೆಲ್ಲ ಹಾಗೆ ಕಳೆದವು. ಹಜಾರವನ್ನು ಮುಟ್ಟಬಾರದು, ಉಳಿದದ್ದೆಲ್ಲ ಅದರ ಸುತ್ತ ಬೆಳೆಯಬೇಕು ಎಂದು ನಿರ್ಧರಿಸಿದೆವು. ಹೋಟೆಲಿನ ಜಾಗದಲ್ಲಿ ಬೇಕರಿ, ಮೇಲಿನ ಮಹಡಿಗೆ ಊರಿನ ಗ್ರಂಥಾಲಯ, ನಡುವೆ ಯಾರು ಬೇಕಾದರೂ ಒಳಗೆ ಬಂದು ಬೆಚ್ಚಗೆ ಕುಳಿತು ರೈಲು ಕಾಯಬಹುದಾದ ಹಜಾರ. ಅನುಮತಿಗಾಗಿ ಆ ಊರಿನ ಪುರಸಭೆಗೆ ಕಾಕಾ ಕಾಕೂ ಇಬ್ಬರೂ ನಕ್ಷೆ ಹಿಡಿದು ಹೋದರು. ಹಜಾರ ಉಳಿಯುತ್ತದೆಂಬ ಕಾರಣಕ್ಕೇ ಸಭೆ ಒಪ್ಪಿತೆಂದು ಅಲ್ಲಿಂದ ಫೋನು ಮಾಡಿದರು.

"ನಿನ್ನ ಹೆಸರು ಓದಿದ್ರು ಯವ್ವಾ! ಬಾಯಿಗೆ ಬರಲಿಲ್ಲ, ಆದ್ರೂ ಓದಿದ್ರು!"

ನಾನು ತಂದೆಗೆ ಹೇಳಿದೆ. ತಂದೆ ಬೀದಿಗೆಲ್ಲ ಹೇಳಿದರು. ಜರ್ಮನಿಯಲ್ಲಿ ತಮ್ಮ ಮಗಳು ರೈಲ್ವೆ ಸ್ಟೇಷನ್ನು ಕಟ್ಟಿಸುತ್ತಿದ್ದಾಳೆಂದು ಅಂಗಡಿಯಲ್ಲಿ ಸಿಮೆಂಟು ಕೊಳ್ಳುವಾಗಲೂ ಹೇಳಿದರಂತೆ.

ಬಳಿಕ ಷೇರು ಮಾರುಕಟ್ಟೆ ಬಿತ್ತು. ಕಚೇರಿಗಳು ಒಂದೊಂದಾಗಿ ಖಾಲಿಯಾದವು. ಫ್ರೀವೇಯಲ್ಲಿ ಬೆಳಗಿನ ಗದ್ದಲವೂ ತಗ್ಗಿತು. "ಈ ಶನಿವಾರ ಬ್ಯಾಡ," ಎಂದರು ಕಾಕಾ. ಮುಂದಿನ ಶನಿವಾರವೂ ಬೇಡವೆಂದರು. ಅವರಿಗೆ ಚಿಂತೆಗಳಿರಬಹುದೆಂದು ನಾನು ಸುಮ್ಮನಿದ್ದೆ. ಕೆಲವು ವಾರಗಳಾದ ಮೇಲೆ ಕರೆ ಬಂತು: "ಊಟಕ್ಕ ಬಾ."

ಬಾಗಿಲು ತೆರೆದೇ ಇತ್ತು. ಒಳಗೆ ಹೋದವಳು ನಿಂತುಬಿಟ್ಟೆ. ಊಟದ ಮೇಜಿನ ಮೇಲೆ ಊಟವಿತ್ತು. ಇಸ್ತ್ರಿ ಮಾಡಿದ ಬಿಳಿಯ ಬಟ್ಟೆ, ಮೂರು ತಟ್ಟೆ, ನೀರಿನ ಲೋಟಗಳು, ನಡುವೆ ಹೋಳಿಗೆಯ ಪಾತ್ರೆ. ಆ ಮೇಜಿನ ಮರದ ಬಣ್ಣವನ್ನೇ ನಾನು ಅದುವರೆಗೆ ಕಂಡಿರಲಿಲ್ಲ.

"ಕೂಡು," ಎಂದರು ಕಾಕಾ. ಎಂದೂ ಇಲ್ಲದೆ ತಾವೇ ಬಡಿಸಿದರು.

"ಸ್ಟೇಷನ್ ಎಲ್ಲಿ ಕಾಕಾ?"

"ಗ್ಯಾರೇಜಿನಾಗ ಇಟ್ಟೀನಿ." ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು. "ಅದು ರಟ್ಟಿಂದು. ಖರೇದು ಮಾರೀನಿ."

ಕೊಂಡವರು ಪೀಠೋಪಕರಣದ ವ್ಯಾಪಾರಿಗಳು. ಅವರಿಗೆ ಬೇಕಾಗಿದ್ದದ್ದು ಗೋದಾಮು, ಮತ್ತು ಅದಕ್ಕೆ ಈಗಾಗಲೇ ಸಿಕ್ಕಿದ್ದ ಅನುಮತಿ. ಹಜಾರ ಬೇಡವಾಗಿತ್ತು. ಅದರ ಬಾಗಿಲುಗಳಿಗೆ ಗೋಡೆ ಕಟ್ಟಿ, ಒಳಗೆ ಕಪಾಟುಗಳನ್ನು ನಿಲ್ಲಿಸುವಂತೆ ನಕ್ಷೆಯನ್ನು ಬದಲಿಸಲಾಗಿತ್ತು. ಸಭೆಯವರು ಸುಲಭಕ್ಕೆ ಒಪ್ಪಿರಲಿಲ್ಲವಂತೆ. ತಾವು ಮೆಚ್ಚಿದ್ದು ಹಿಂದಿನ ವಿನ್ಯಾಸವನ್ನು; ವಿನ್ಯಾಸ ಮಾಡಿದವರಿಗೆ ಈ ಬದಲಾವಣೆ ಒಪ್ಪಿಗೆಯೇ ಎಂದು ಕೇಳಿದ್ದರಂತೆ.

"ನೀವೇನು ಹೇಳಿದ್ರಿ?"

"ಆಕಿ ಒಪ್ಪ್ಯಾಳ ಅಂದೆ."

ನನ್ನ ಮುಖದಲ್ಲಿ ಏನು ಕಂಡಿತೋ ತಿಳಿಯದು. ಅವರು ಬೇಗಬೇಗ ಮುಂದುವರಿಸಿದರು. "ನಿನ್ನ ಹೆಸರು ತಗಸಿಲ್ಲ ಯವ್ವಾ. ತಗೊಂಡವರು ಬ್ಯಾಡ ಅಂದ್ರು, ನಾ ಹಟ ಹಿಡದು ಇಡಸೀನಿ. ಹೊಸಾ ನಕಾಶಿ ಮ್ಯಾಲೂ ನಿಂದ ಹೆಸರು ಐತಿ."

ಇದನ್ನು ಅವರು ಹೋಳಿಗೆಗೆ ತುಪ್ಪ ಬಡಿಸುವಷ್ಟೇ ಪ್ರೀತಿಯಿಂದ ಹೇಳಿದರು. ಕೊಟ್ಟ ಮಾತನ್ನು ಉಳಿಸಿಕೊಂಡೆನೆಂಬ ಸಮಾಧಾನ ಅವರ ದನಿಯಲ್ಲಿತ್ತು.

"ನನ್ನನ್ನ ಒಂದು ಮಾತು ಕೇಳಬಹುದಿತ್ತು, ಕಾಕಾ."

"ಮಗಳಿದ್ದಂಗ ಇದ್ದೀ. ಮಗಳನ್ನ ಯಾರರ ಕೇಳ್ತಾರೇನು?"

ಕಾಕೂ ಅದುವರೆಗೆ ತಲೆ ಎತ್ತಿರಲಿಲ್ಲ. "ನನಗ ಆ ಸ್ಟೇಷನ್ ಮ್ಯಾಲೆ ಯಾವ ಪ್ರೀತಿನೂ ಇಲ್ಲ," ಎಂದರು. "ಸಣ್ಣಾಕಿ ಇದ್ದಾಗಿಂದ ಅಲ್ಲಿ ಮಂದಿ ಕುಡದ ಗ್ಲಾಸು ತೊಳದೀನಿ. ಮಾರಿದ್ದು ಛಲೋ ಆತು. ಆದ್ರ ಈಕೀನ ಕೇಳ್ರಿ ಅಂತ ಬಡ್ಕೊಂಡೆ."

ಬಡಿಸಿದ ತಟ್ಟೆಯನ್ನು ಬಿಟ್ಟು ಏಳುವುದನ್ನು ನಮ್ಮ ಮನೆಯಲ್ಲಿ ಯಾರೂ ನನಗೆ ಕಲಿಸಿರಲಿಲ್ಲ. ಒಂದಗುಳನ್ನೂ ಬಿಡದೆ ಉಂಡೆ. ಯಾವುದಕ್ಕೂ ರುಚಿಯಿರಲಿಲ್ಲ. ಕೈ ತೊಳೆದು ಬಂದು, ಹೊಸ ನಕ್ಷೆಯಿಂದ ನನ್ನ ಹೆಸರನ್ನು ತೆಗೆಸುತ್ತೇನೆಂದು ಹೇಳಿದೆ.

ಕಾಕಾ ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ತಗಸ್ತೀ? ನಿಮ್ಮಪ್ಪಗ ಏನ್ ಹೇಳ್ತೀ?"

ಅಷ್ಟು ಹತ್ತಿರದಿಂದ ನನ್ನನ್ನು ಬಲ್ಲವರು ಮಾತ್ರ ಕೇಳಬಹುದಾದ ಪ್ರಶ್ನೆ ಅದು. ಆ ಕಾರಣಕ್ಕೇ ಅದನ್ನು ಕ್ಷಮಿಸಲು ನನಗೆ ಇಂದಿಗೂ ಸಾಧ್ಯವಾಗಿಲ್ಲ.

ಆ ಊರಿನ ವಾಸ್ತುಶಿಲ್ಪಿಗೆ ನಾನೇ ಫೋನು ಮಾಡಿದೆ. ಹೇಳಬೇಕಾದ ವಾಕ್ಯಗಳನ್ನು ಮೊದಲೇ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಂಡಿದ್ದೆ. ನಾನು ಒಪ್ಪಿರಲಿಲ್ಲವೆಂದು ಅವರಿಗೆ ಹೇಳಿದೆ. ಅಷ್ಟರಲ್ಲಿ ಬಾಗಿಲುಗಳಿಗೆ ಗೋಡೆ ಎದ್ದಾಗಿತ್ತು. ಹೆಸರನ್ನು ತೆಗೆಯುವುದೊಂದೇ ತಮ್ಮ ಕೈಯಲ್ಲಿದೆ ಎಂದರು; ತೆಗೆದರು. ಮೂಲೆಯ ಆ ಪುಟ್ಟ ಚೌಕ ಖಾಲಿಯಾಯಿತು.

ತಂದೆಗೆ ಎಲ್ಲವನ್ನೂ ಇದ್ದ ಹಾಗೆಯೇ ಹೇಳಿದೆ.

"ಕೇಳ್ಬೇಕಾಗಿತ್ತು ಕಣವ್ವ ಅವ್ರು," ಎಂದರು. ಬಳಿಕ, "ಬೀದೀಲಿ ಯಾರಾರ ಕೇಳುದ್ರೆ ಇನ್ನೂ ಕಟ್ತಾವ್ರೆ ಅಂತೀನಿ ಬುಡು."

ತಾವು ಬದುಕಿರುವವರೆಗೂ ಅವರು ಹಾಗೆಯೇ ಹೇಳುತ್ತಿದ್ದರು.

ಲಾಸ್ ಆಲ್ಟೋಸ್‌ನ ಆ ಮನೆಗೆ ನಾನು ಮತ್ತೆ ಹೋಗಲಿಲ್ಲ. ಕಾಕಾ ಕರೆಯಲೂ ಇಲ್ಲ. ಕೆಲವು ವರ್ಷಗಳಾದ ಮೇಲೆ ಕಾಕೂ ಫೋನು ಮಾಡಿ, "ಕಾಕಾ ಹೋದ್ರು ಯವ್ವಾ. ಎಲ್ಲಾ ಮುಗದು ವಾರ ಆತು. ಗದ್ದಲದಾಗ ನಿನಗ ಹೇಳಾಕ ಮನಸಾಗಲಿಲ್ಲ," ಎಂದರು. ನಾನು ಆ ಮಧ್ಯಾಹ್ನವೇ ಹೋದೆ.

ಕಾಕೂ ನನ್ನನ್ನು ಗ್ಯಾರೇಜಿಗೆ ಕರೆದೊಯ್ದರು. ಹಳೆಯ ಹಾಸಿಗೆ ಬಟ್ಟೆಯೊಂದನ್ನು ಸರಿಸಿದಾಗ ನಿಲ್ದಾಣ ಹಾಗೆಯೇ ಇತ್ತು. ಬೇಕರಿ, ಗ್ರಂಥಾಲಯ, ತೆರೆದ ಬಾಗಿಲುಗಳ ಹಜಾರ. ಒಂದಿಷ್ಟೂ ಧೂಳಿರಲಿಲ್ಲ.

"ಶನಿವಾರಕ್ಕೊಮ್ಮೆ ಒರಸ್ತಿದ್ರು. ಒರಸಿ, ಬಾಗಲದಾಗ ನಿಂತು ಹಾದಿ ನೋಡ್ತಿದ್ರು. ಒಂದು ಫೋನ್ ಮಾಡ್ರಿ, ಬಾ ಅಂತ ಕೇಳ್ರಿ ಅಂದ್ರ, 'ಮಗಳು, ತಾನಾ ಬರ್ತಾಳ' ಅಂತಿದ್ರು." ಕಾಕೂ ಸೆರಗಿಲ್ಲದ ತಮ್ಮ ಭುಜದ ಬಳಿ ಕೈಯಾಡಿಸಿ, ಸಿಗದೆ, ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡರು. "ಕೇಳೂದು ಅವರಿಗೆ ಕಡೀತನಾ ಬರಲಿಲ್ಲ ನೋಡು."

ಹಜಾರದ ಮಾಡಿನ ಮೇಲೆ, ಒಣಗಿದ ಅಂಟಿನಲ್ಲಿ, ಅವರ ಹೆಬ್ಬೆರಳು ಕೂತ ಗುರುತಿತ್ತು. ನನ್ನ ಬೆರಳನ್ನು ಅದರಲ್ಲಿಟ್ಟು ನೋಡಿದೆ. ಸುತ್ತಲೂ ಜಾಗ ಉಳಿಯಿತು.

ಈಗ ನನ್ನದೇ ಒಂದು ಸಣ್ಣ ಕಚೇರಿಯಿದೆ. ನಾನು ಗೆರೆಯನ್ನು ಒಂದೇ ಸಲ ಎಳೆಯುತ್ತೇನೆ; ನನ್ನ ಮೇಜಿನ ಮೇಲೆ ರಬ್ಬರಿಲ್ಲ. ಅದು ಅವರು ಕೊಟ್ಟದ್ದು, ಅದನ್ನು ಹಿಂದಿರುಗಿಸಲಾರೆ. ಆದರೆ ನಾನು ಎಳೆದ ಮೊದಲ ನಿಜವಾದ ಗೆರೆಗಳ ಮೇಲೆ ಗೋಡೆ ಕಟ್ಟಿಸಿದವರೂ ಅವರೇ. ಈ ಎರಡರಲ್ಲಿ ಒಂದು ಇನ್ನೊಂದನ್ನು ಅಳಿಸುತ್ತದೆಂದು ಹಲವು ವರ್ಷ ಕಾದೆ. ಅಳಿಸಲಿಲ್ಲ.

"ಇದನ್ನ ನೀ ಒಯ್ತೀ ಏನು?" ಎಂದು ಆ ದಿನ ಗ್ಯಾರೇಜಿನಲ್ಲಿ ಕೇಳಿದರು ಕಾಕೂ.

ನಾನು ಉತ್ತರಿಸುವವರೆಗೆ ಅವರು ಕಾದರು, ಅವಸರಪಡಿಸಲಿಲ್ಲ.

"ಬೇಡ ಕಾಕೂ," ಎಂದೆ.

ಅವರು ತಲೆಯಾಡಿಸಿ ಬಟ್ಟೆಯನ್ನು ಮತ್ತೆ ಹೊದಿಸಿದರು. "ಊಟ ಮಾಡ್ತೀ ಏನು?"

"ಮಾಡ್ತೀನಿ."

ಒಳಗೆ ಊಟದ ಮೇಜು ಖಾಲಿಯಾಗಿತ್ತು. ನಾವಿಬ್ಬರೂ ಅದನ್ನು ದಾಟಿಕೊಂಡು ಹೋಗಿ, ಅಡುಗೆಕಟ್ಟೆಗೆ ಒರಗಿ, ನಿಂತೇ ಉಂಡೆವು.