ತಾರಿ ದಾಟುವಷ್ಟರಲ್ಲಿ ಒಂದು ಪುಸ್ತಕ

೧೯೪೪ರ ನವೆಂಬರ್ ಒಂದನೆಯ ತಾರೀಖು, ಬುಧವಾರ, ಹೊನ್ನಾವರದ ವಾಚನಾಲಯದಿಂದ ನಾನು ನನ್ನ ಹೆಸರಿನಲ್ಲಿ ಮೊದಲ ಪುಸ್ತಕ ತೆಗೆದುಕೊಂಡೆ. ಅದಕ್ಕೂ ಮೊದಲು ಒಂಬತ್ತು ವರ್ಷ ಅದೇ ವಾಚನಾಲಯಕ್ಕೆ ವಾರ ತಪ್ಪದೆ ಹೋಗಿದ್ದೆ. ಹೋಗುತ್ತಿದ್ದದ್ದು ಪತ್ರಿಕೆ ನೋಡಲು. ಪತ್ರಿಕೆಯಲ್ಲಿ ನೋಡುತ್ತಿದ್ದದ್ದು ನಾನು ಕಳಿಸಿದ ಸುದ್ದಿ ಅಚ್ಚಾಗಿದೆಯೇ ಎಂದು. ಕುಮಟೆಯಿಂದ ಭಟ್ಕಳದವರೆಗಿನ ಕರಾವಳಿಗೆ ನಾನು ಒಂದು ವಾರಪತ್ರಿಕೆಯ ಬಾತ್ಮೀದಾರ. ನಾನು ಕೂರುತ್ತಿದ್ದ ಬೆಂಚಿನ ಹಿಂದೆಯೇ ಪುಸ್ತಕದ ಕಪಾಟು. ಅದಕ್ಕೆ ಒರಗಿ ಕೂತರೆ ಹಾಯಾಗಿರುತ್ತಿತ್ತು. ಪುಸ್ತಕಗಳಿಗೂ ನನಗೂ ಒಂಬತ್ತು ವರ್ಷ ಇದ್ದದ್ದು ಬೆನ್ನಿನ ಸಂಬಂಧ.

ಓದಲು ಬಾರದವನೇನೂ ನಾನಲ್ಲ. ಆದರೆ ಸುದ್ದಿ ಬರೆಯುವವನ ಓದು ಬೇರೆ. ನಮ್ಮಲ್ಲಿ ಸುದ್ದಿಯನ್ನು ತಲೆಕೆಳಗಾಗಿ ಬರೆಯುತ್ತೇವೆ. ದೋಣಿ ಮುಳುಗಿದ್ದರೆ ಎಷ್ಟು ಜನ ಸತ್ತರು ಎನ್ನುವುದು ಮೊದಲ ಸಾಲು. ಅವರು ಯಾಕೆ ಹೊರಟಿದ್ದರು ಎನ್ನುವುದು ಕೊನೆಯ ಸಾಲು. ಜಾಗ ಸಾಲದಿದ್ದರೆ ಸಂಪಾದಕರು ಕೆಳಗಿನಿಂದ ಕತ್ತರಿಸುತ್ತಾರೆ. ಹೀಗೆ ಪಳಗಿದ ಕಣ್ಣಿಗೆ ಪುಸ್ತಕ ಕೊಟ್ಟರೆ ಅದು ಮೊದಲ ಪುಟ ನೋಡುತ್ತದೆ, ಕೊನೆಯ ಪುಟ ನೋಡುತ್ತದೆ, ಸಂಗತಿ ತಿಳಿಯಿತೆಂದು ಮುಚ್ಚಿಡುತ್ತದೆ. ನಡುವಿನ ಮುನ್ನೂರು ಪುಟ ನನಗೆ ಸಂಪಾದಕರು ಕತ್ತರಿಸಲು ಮರೆತ ಭಾಗದಂತೆ ಕಾಣುತ್ತಿತ್ತು.

ನವೆಂಬರಿನ ಆ ಪುಸ್ತಕಕ್ಕೆ ಕಾರಣ ನಾನೇ ಬರೆದ ನಾಲ್ಕು ಸಾಲು. ಅಕ್ಟೋಬರಿನಲ್ಲಿ ಬೇರೆ ಸುದ್ದಿ ಸಿಗದ ಒಂದು ವಾರ ವಾಚನಾಲಯದ ರಿಜಿಸ್ಟರು ತಿರುವಿ ನೋಡಿದೆ. ಇನ್ನೂರಕ್ಕೂ ಮಿಕ್ಕಿ ಪುಸ್ತಕಗಳು; ಆರು ತಿಂಗಳಲ್ಲಿ ಹೊರಗೆ ಹೋದದ್ದು ಹನ್ನೊಂದು. ಅಷ್ಟನ್ನೇ ಬರೆದು ಕಳಿಸಿದೆ, ಅಚ್ಚಾಯಿತು. ವಾಚನಾಲಯದ ಕಮಿಟಿಯವರು ಪುಸ್ತಕ ಓದುವುದಿಲ್ಲ, ಆದರೆ ಪತ್ರಿಕೆ ಓದುತ್ತಾರೆ. ಕಂಟ್ರೋಲು ಅಕ್ಕಿಯ ಡಿಪೋಕ್ಕೆ ಪೇಟೆಯಲ್ಲಿ ಒಂದು ಕೋಣೆ ಬೇಕಾಗಿತ್ತು. ಯಾರೂ ಓದದ ಮೇಲೆ ಕೋಣೆಯನ್ನು ಅಕ್ಕಿಗೆ ಕೊಟ್ಟು ಕಪಾಟನ್ನು ಯಾರದಾದರೂ ಅಟ್ಟಕ್ಕೆ ಏರಿಸೋಣ ಎಂಬ ಮಾತು ಹುಟ್ಟಿತು. ನವೆಂಬರ್ ಮೂವತ್ತರ ಸಭೆಯಲ್ಲಿ ತೀರ್ಮಾನ ಎಂದು ಅಧ್ಯಕ್ಷರಾಗಿದ್ದ ವಕೀಲರು ಹೇಳಿದರು. ಅಟ್ಟಕ್ಕೆ ಏರಿದ ಪುಸ್ತಕ ನಮ್ಮ ಮಳೆಗಾಲದಲ್ಲಿ ಎಷ್ಟು ದಿನ ಪುಸ್ತಕವಾಗಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಕಪಾಟನ್ನು ನೋಡಿಕೊಳ್ಳುತ್ತಿದ್ದವರು ಸುಬ್ರಾಯ ಮಾಸ್ತರರು. ಶಾಲೆಯಿಂದ ನಿವೃತ್ತರಾದ ಮೇಲೆ ದಿನವೂ ಹೊಳೆಯಾಚೆಯ ಕಾಸರಕೋಡಿನಿಂದ ದೋಣಿಯಲ್ಲಿ ಬಂದು ಬಾಗಿಲು ತೆಗೆದು, ಪುಸ್ತಕಗಳನ್ನು ಬಿಸಿಲಿಗೆ ಹಾಕಿ, ಬೇವಿನೆಲೆ ಇಟ್ಟು, ಸಂಜೆ ಬೀಗ ಹಾಕಿ ಹೋಗುತ್ತಿದ್ದರು. ಅವರು ನನ್ನ ಮನೆಗೆ ಬಂದಾಗ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ನೀವು ಬರ್ದದ್ದರಲ್ಲಿ ಸುಳ್ಳಿಲ್ಲ" ಎಂದರು. "ಆ ಹನ್ನೊಂದರಲ್ಲಿ ನಿಮ್ಮದು ಎಷ್ಟು ಅಂತ ಇನ್ನೊಂದು ಸಾಲು ಸೇರಿಸಿದ್ರೆ ಸುದ್ದಿ ಪೂರ್ತಿ ಆಗ್ತಿತ್ತು."

ಒಂಬತ್ತು ವರ್ಷದಲ್ಲಿ ನನ್ನ ವರದಿಗೆ ಬಂದ ತಿದ್ದುಪಡಿಗಳಲ್ಲಿ ಇಷ್ಟು ನಿಖರವಾದದ್ದು ಇನ್ನೊಂದಿಲ್ಲ. ಮಾಸ್ತರರು ತಮ್ಮ ಪಂಥವನ್ನು ಮುಂದಿಟ್ಟರು. ಮೇಲಿನ ಹಲಗೆಯಲ್ಲಿ ಇಪ್ಪತ್ನಾಲ್ಕು ಪುಸ್ತಕಗಳಿವೆ. ತಿಂಗಳೊಳಗೆ ಅಷ್ಟನ್ನೂ ನಾನು ಓದಬೇಕು. ಓದಿದ್ದಕ್ಕೆ ಸಾಕ್ಷಿಯಾಗಿ ಪ್ರತಿ ಪುಸ್ತಕವನ್ನೂ ಅವರಿಗೆ ಹೇಳಬೇಕು. ಕಮಿಟಿಯ ಮುಂದೆ ನಿಂತು, ಊರಿನಲ್ಲಿ ಒಬ್ಬ ಓದುಗ ಇದ್ದಾನೆ ಎಂದಾದರೂ ತೋರಿಸಬೇಕಲ್ಲ. ಅವರ ಬಳಿ ಬೇರೆ ವಾದವಿರಲಿಲ್ಲ. ಹೇಳುವುದು ಎಲ್ಲಿ ಎಂದು ಕೇಳಿದೆ. ದೋಣಿಯಲ್ಲಿ ಎಂದರು. ಭಟ್ಕಳದ ಇಳಿಹೊತ್ತಿನ ಬಸ್ಸು ಹಿಡಿಯಲು ವಾರಕ್ಕೆ ನಾಲ್ಕು ದಿನ ನಾನೂ ಶರಾವತಿ ದಾಟುವವನೇ.

ಮೊದಲ ಪುಸ್ತಕ ಒಂದು ಪತ್ತೇದಾರಿ ಕಥೆ. ಮೂರನೆಯ ದಿನ ಸಂಜೆ ಹೊಳೆ ದಾಟಿಸುವ ತಾರಿಯಲ್ಲಿ ಮಾಸ್ತರರ ಪಕ್ಕ ಕೂತು ವರದಿ ಒಪ್ಪಿಸಿದೆ: ಮುಂಬಯಿಯ ವಜ್ರದ ವ್ಯಾಪಾರಿಯೊಬ್ಬನನ್ನು ಅವನ ಅಳಿಯನೇ ವಿಷವಿಟ್ಟು ಕೊಂದಿದ್ದು, ಗಡಿಯಾರದೊಳಗೆ ಅಡಗಿಸಿದ್ದ ಶೀಶೆಯಿಂದ ಆರೋಪಿ ಸಿಕ್ಕಿಬಿದ್ದಿದ್ದಾನೆ. ಎಲ್ಲ ಸೇರಿ ಎರಡು ವಾಕ್ಯ. ನನಗೆ ಸಮಾಧಾನವಾಗಿತ್ತು.  ತೀರ್ಪು ಕೊಟ್ಟವನು ದೋಣಿ ನಡೆಸುವ ನಾಗು ಅಂಬಿಗ.

"ಒಡೆಯಾ, ದೋಣಿ ಇನ್ನೂ ದಂಡೆ ಬಿಟ್ಟಿಲ್ಲ. ಸತ್ತವ ಸತ್ತ, ಕೊಂದವ ಸಿಕ್ಕ. ನಾ ಇನ್ನು ಎಂತಕ್ಕೆ ಹುಟ್ಟು ಹಾಕುದು?"

ದೋಣಿಯಲ್ಲಿದ್ದವರೆಲ್ಲ ನಕ್ಕರು. ಸಂಪಾದಕರೂ ನನ್ನ ಪ್ರತಿಯನ್ನು ಇಷ್ಟು ಚೊಕ್ಕವಾಗಿ ತಿರಸ್ಕರಿಸಿರಲಿಲ್ಲ. ಆಚೆ ದಂಡೆ ಸೇರುವವರೆಗೆ ನಾಗು ನನಗೆ ಪಾಠ ಹೇಳಿದ. ಅವನಿಗೆ ಅಕ್ಷರ ಬಾರದು. ಆದರೆ ಹೊಳೆ ದಾಟುವವರ ಮಾತು ಕೇಳಿ ಕೇಳಿ, ಯಾವ ಮಾತಿಗೆ ಜನ ಮುಂದಕ್ಕೆ ಬಾಗುತ್ತಾರೆ, ಯಾವುದಕ್ಕೆ ನೀರಿನ ಕಡೆ ಮುಖ ತಿರುಗಿಸುತ್ತಾರೆ ಎನ್ನುವುದು ಗೊತ್ತು.

"ನಡುಹೊಳೆಲಿ ಒಂದು ಸುಳಿ ಇಡಿ. ಹೊಳೆ ಸಮುದ್ರ ಸೇರೂ ಅಳಿವೆ ಕಾಣ್ವಾಗ ಒಂದು ಹೆದರಿಕೆ. ದಂಡೆ ಹತ್ರ ಬಂದ್ರೂ ಕೂತವ್ರಿಗೆ ದಂಡೆ ಕಾಣ್ಬಾರ್ದು" ಎಂದ.

ಹಾಗೆ ಹೇಳಬೇಕೆಂದರೆ ನಡುವಿನ ಪುಟಗಳು ಬೇಕು. ನಾನು ಅಂದಿನಿಂದ ಪುಸ್ತಕಗಳನ್ನು ನಿಜವಾಗಿ ಓದತೊಡಗಿದೆ.

ಓದುವುದಕ್ಕೆ ಹೊತ್ತು ಹೊಂದಿಸುವುದೇ ದೊಡ್ಡ ಸಾಹಸ. ಸೀಮೆಎಣ್ಣೆ ಅಳೆದು ಕೊಡುವ ಕಾಲ. ದೀಪದ ಓದು ಇಲ್ಲವೇ ಇಲ್ಲ. ಬೆಳಕಿರುವಾಗಲೇ ಓದಬೇಕು, ಬೆಳಕಿರುವಾಗಲೇ ಸುದ್ದಿಗೆ ಅಲೆಯಬೇಕು. ಕ್ಷೌರಕ್ಕೆ ಕೂತು ಓದಿದೆ. ಕ್ಷೌರಿಕ ತಲೆ ಬಗ್ಗಿಸಿದಾಗ ಪುಟವೂ ಬಗ್ಗಿತು. ಬಾವಿಕಟ್ಟೆಯಲ್ಲಿ ಓದಿದೆ. "ನೀವು ಊಟಕ್ಕೆ ಬತ್ರೋ, ಊಟವೇ ಅಲ್ಲಿಗೆ ಬರವಾ?" ಎಂದು ಮನೆಯಾಕೆ ಎರಡು ಸಲ ಕೇಳಿದಳು, ಮೂರನೆಯ ಸಲ ಕೇಳದೆ ತಾನು ಉಂಡು ಎದ್ದಳು. ಹೆಚ್ಚಿನ ಉಪಕಾರ ಮಾಡಿದ್ದು ಭಟ್ಕಳದ ಬಸ್ಸು. ಪೆಟ್ರೋಲು ಸಿಗದೆ ಅದು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಡ್ರೈವರು ಬೆಂಕಿ ಹೊತ್ತಿಸಿ, ತಿದಿ ತಿರುಗಿಸಿ, ಏರಿನಲ್ಲಿ ಎಲ್ಲರನ್ನೂ ಇಳಿಸಿ ತಳ್ಳಿಸುವಷ್ಟರಲ್ಲಿ ಎರಡು ಅಧ್ಯಾಯ ಮುಗಿಯುತ್ತಿತ್ತು. ಆ ತಿಂಗಳ ನನ್ನ ಓದಿನಲ್ಲಿ ಐದು ಪುಸ್ತಕಗಳ ಪುಣ್ಯ ಇದ್ದಿಲಿಗೆ ಸಲ್ಲಬೇಕು.

ಒಂದು ದಿನ ಮಾವಳ್ಳಿಯ ಹತ್ತಿರ ಬಸ್ಸು ನೀರಿಗೆಂದು ನಿಂತಿತು. ನಾನು ಓದುತ್ತಲೇ ಇಳಿದು ಮರದ ಬುಡದಲ್ಲಿ ಕೂತೆ. ಕಥೆಯಲ್ಲಿ ಹಡಗು ಮುಳುಗುತ್ತಿತ್ತು. ಕಪ್ತಾನ ಕೊನೆಯ ತೆಪ್ಪವನ್ನು ತನ್ನ ವೈರಿಗೆ ಬಿಟ್ಟುಕೊಡುವನೋ ಇಲ್ಲವೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಬಿಟ್ಟುಕೊಟ್ಟ. ತಲೆ ಎತ್ತಿದರೆ ಬಸ್ಸು ಇಲ್ಲ. ಮುರ್ಡೇಶ್ವರದ ದಾರಿ ಹಿಡಿದು ಸಮುದ್ರದವರೆಗೆ ನಡೆದೆ. ಹುಟ್ಟಿದಾಗಿನಿಂದ ದಿನವೂ ಕಂಡ ಸಮುದ್ರ. ಅದಕ್ಕೆ ಆಳವಿದೆ ಎಂದು ನನಗೆ ಹೊಳೆದದ್ದು ಆ ದಿನ. ಭಟ್ಕಳದಲ್ಲಿ ಅಂದು ನಡೆದ ವ್ಯಾಪಾರಿಗಳ ಸಭೆಯ ವರದಿಯನ್ನು ಕುಮಟೆಯ ಇನ್ನೊಬ್ಬ ಬಾತ್ಮೀದಾರ ಬೇರೆ ಪತ್ರಿಕೆಗೆ ಕಳಿಸಿದ. ನನಗೆ ಸಂಪಾದಕರಿಂದ ಕಾರ್ಡು ಬಂತು: ಭಟ್ಕಳ ಎಲ್ಲಿ? ಒಂಬತ್ತು ವರ್ಷದಲ್ಲಿ ನಾನು ತಪ್ಪಿಸಿದ ಮೊದಲ ಸುದ್ದಿ ಅದು. ಪಶ್ಚಾತ್ತಾಪ ಪಡಲು ಪ್ರಯತ್ನಿಸಿದೆ; ಹತ್ತನೆಯ ಪುಸ್ತಕ ಶುರುವಾಗಿತ್ತು, ಪುರುಸೊತ್ತಾಗಲಿಲ್ಲ.

ಮೇಲಿನ ಹಲಗೆಯಲ್ಲಿ ಎಲ್ಲವೂ ಕಥೆಗಳಲ್ಲ. ಜೇನು ಸಾಕಣೆಯ ಮೇಲೆ ಒಂದು ಪುಸ್ತಕವಿತ್ತು. ಇದನ್ನು ದೋಣಿಯಲ್ಲಿ ಹೇಳುವುದು ಹೇಗೆಂದು ಅಂಜುತ್ತಲೇ ಆರಂಭಿಸಿದೆ. ನಾಗುವಿಗೆ ಇಡೀ ತಿಂಗಳಲ್ಲಿ ಹಿಡಿಸಿದ್ದು ಅದೇ. ರಾಣಿ ಸತ್ತರೆ ಹುಳಗಳು ಎಂತ ಮಾಡುತ್ತವೆ ಎಂದು ಅವನು ಕೇಳಿದ. ಗೇರುಸೊಪ್ಪದ ಕಡೆಯಿಂದ ಬಂದಿದ್ದ ಒಬ್ಬ ರೈತ ಪುಸ್ತಕದವನಿಗೆ ಏನೂ ತಿಳಿಯದು ಎಂದು ವಾದಕ್ಕೆ ನಿಂತ. ಆಚೆ ದಂಡೆಯಲ್ಲಿ ದೋಣಿ ಕಟ್ಟಿದ ಮೇಲೂ ವಾದ ನಡೆಯಿತು.

ನಾವು ಓದನ್ನು ಒಬ್ಬಂಟಿಯ ಕೆಲಸವೆಂದು ತಿಳಿದದ್ದು ಇತ್ತೀಚೆಗೆ ಇರಬೇಕು. ನನ್ನ ಅಜ್ಜನ ಕಾಲದಲ್ಲಿ ಒಬ್ಬರು ರಾಗವಾಗಿ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಕೇಳುವವರು ಅರ್ಥ ಹೇಳಿದವರ ಮೇಲೆ ಜಗಳಕ್ಕೆ ಹೋಗುತ್ತಿದ್ದರು. ಒಂದು ಪುಸ್ತಕಕ್ಕೆ ಕಡಿಮೆಯೆಂದರೆ ಇಪ್ಪತ್ತು ಜನ. ಅಚ್ಚಿನ ಯಂತ್ರ ಪುಸ್ತಕಗಳನ್ನು ಹೆಚ್ಚಿಸಿತು, ಪ್ರತಿ ಪುಸ್ತಕಕ್ಕೂ ಒಬ್ಬನನ್ನೇ ಉಳಿಸಿತು. ಹೊನ್ನಾವರದ ತಾರಿಯಲ್ಲಿ ಹಳೆಯ ಲೆಕ್ಕ ಮತ್ತೆ ಶುರುವಾಗಿತ್ತು.

ಆದದ್ದು ಇಷ್ಟು. ಹನ್ನೊಂದನೆಯ ಪುಸ್ತಕದಲ್ಲಿ ಅಣ್ಣ ತಮ್ಮಂದಿರು ಕಾಶಿಗೆ ನಡೆದು ಹೊರಡುತ್ತಾರೆ. ಪ್ರಯಾಗದ ಜಂಗುಳಿಯಲ್ಲಿ ತಮ್ಮ ಕಳೆದುಹೋಗುತ್ತಾನೆ. ಅಣ್ಣ ಹನ್ನೆರಡು ವರ್ಷ ಹುಡುಕುತ್ತಾನೆ. ನಾಗುವಿನ ಪಾಠ ನನಗೆ ಅತಿಯಾಗಿ ಹತ್ತಿತ್ತು. ಅಣ್ಣ ಒಂದು ಮಠದ ಬಾಗಿಲಲ್ಲಿ ಪರಿಚಿತ ಧ್ವನಿ ಕೇಳಿ ನಿಂತಾಗಲೇ ದೋಣಿ ದಂಡೆಗೆ ತಾಗಿತು. ಬಸ್ಸು ಹೊರಡುವುದರಲ್ಲಿತ್ತು, ನಾನು ಓಡಿದೆ. ಎರಡು ದಿನ ಬಿಟ್ಟು ಬಂದರೆ ಮೀನು ಮಾರುವ ಒಬ್ಬ ಮುದುಕಿ ತಾರಿಯಲ್ಲಿ ಬುಟ್ಟಿ ಇಳಿಸಿ ನನ್ನನ್ನೇ ಕಾಯುತ್ತಿದ್ದಳು. ಆ ತಮ್ಮ ಸಿಕ್ಕಿದನೋ ಇಲ್ಲವೋ, ಅದೊಂದು ಹೇಳಿ ಮುಂದೆ ಹೋಗು ಎಂದು ಕೊಂಕಣಿಯಲ್ಲಿ ಗದರಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಮಾಸ್ತರರು, ಅದು ಪುಸ್ತಕದಲ್ಲಿದೆ, ಪುಸ್ತಕ ಕಪಾಟಿನಲ್ಲಿದೆ ಎಂದುಬಿಟ್ಟರು.

ಮುದುಕಿಗೆ ಓದು ಬಾರದು. ಅವಳು ನೇರವಾಗಿ ದವಾಖಾನೆಯ ನರ್ಸ್‌ಬಾಯಿಯ ಬಳಿ ಹೋಗಿ, ಆ ಪುಸ್ತಕ ತಂದು ಓದಿ ಹೇಳು ಎಂದಳು. ನರ್ಸ್‌ಬಾಯಿ ತಂದಳು, ತಮ್ಮನ ಗತಿ ತಿಳಿದ ಮೇಲೆ ಇನ್ನೊಂದು ತಂದಳು. ದೋಣಿಯಲ್ಲಿ ಕೂತು ಅರ್ಧ ಕಥೆ ಕೇಳಿದ ಸರಾಫರು, ಪೋಸ್ಟಿನವರು, ಭಟ್ಕಳದ ಜವಳಿ ವ್ಯಾಪಾರಿಗಳು ಉಳಿದರ್ಧಕ್ಕಾಗಿ ವಾಚನಾಲಯದ ಮೆಟ್ಟಿಲು ಹತ್ತಿದರು. ಮಾಸ್ತರರು ರಿಜಿಸ್ಟರಿನ ಹೊಸ ಪುಟ ತೆರೆದರು.  ಸಂಜೆಯ ದೋಣಿಯಲ್ಲಿ ಮೊದಲು ಕೈಕಟ್ಟಿ ಕೂರುತ್ತಿದ್ದ ಅವರು ಈಗ ನನ್ನ ಮೊಣಕಾಲು ತಟ್ಟಿ, ಶುರು ಮಾಡಿ ಎನ್ನುತ್ತಿದ್ದರು.

ಸಭೆಗೆ ವಾರ ಇರುವಾಗ ಅಧ್ಯಕ್ಷರು ತಮ್ಮ ತೆಂಗಿನ ತೋಟಕ್ಕೆಂದು ತಾರಿಗೆ ಬಂದರು. ನಾನು ಗಪ್‌ಚಿಪ್ಪಾಗಿ ಕೂತೆ. ನಾಗು ಕೂರಲಿಲ್ಲ. ಹುಟ್ಟು ಹಾಕುತ್ತ ಕಾಶಿಯ ಕಥೆಯನ್ನು ತಾನೇ ಎತ್ತಿಕೊಂಡ. ಅವನ ಬಾಯಲ್ಲಿ ಪ್ರಯಾಗದ ಜಂಗುಳಿ ಶರಾವತಿಯ ನೆರೆಯಾಗಿತ್ತು. ಅಣ್ಣ ತಮ್ಮಂದಿರು ಅಂಬಿಗರಾಗಿದ್ದರು. ಪುಸ್ತಕ ಬರೆದವರು ಕೇಳಿದ್ದರೆ ತಿದ್ದಿಕೊಳ್ಳುತ್ತಿದ್ದರೇನೋ. ಮಠದ ಬಾಗಿಲಿಗೆ ತಂದು ಅವನೂ ನಿಲ್ಲಿಸಿದ. ಅಧ್ಯಕ್ಷರು ಮುಂದಕ್ಕೆ ಬಾಗಿ ಕೇಳಿದರು.

"ಮುಂದೆ ಎಂತ ಆತು?"

"ಮುಂದಿನದು ನಿಮ್ಮ ಕಪಾಟಲ್ಲೇ ಅದೆ ವಕೀಲ್ರೇ" ಎಂದ ನಾಗು. "ಅಕ್ಕಿ ಮೂಟೆ ಬರೂಕೆ ಮುಂಚೆ ತೆಗ್ದು ನೋಡಿ."

ಮೂವತ್ತರಂದು ಸಭೆ ನಡೆಯಿತು. ನಾನು ವರದಿಗಾರನಾಗಿ ಬಾಗಿಲ ಬಳಿ ಕೂತೆ. ನನ್ನ ಓದು ಹದಿನೇಳಕ್ಕೆ ನಿಂತಿತ್ತು, ಪಂಥ ಸೋತಿದ್ದೆ. ಮಾಸ್ತರರು ರಿಜಿಸ್ಟರು ತೆರೆದು ಹಿಡಿದು ಎದ್ದು ನಿಂತರು. ಊರಿನಲ್ಲಿ ಒಬ್ಬ ಓದುಗ ಇದ್ದಾನೆ ಎಂದು ಹೇಳಲು ತಿಂಗಳ ಹಿಂದೆ ತಯಾರಾಗಿದ್ದೆ, ಈಗ ಅವನ ಹೆಸರು ಹೇಳಲು ಹೊತ್ತಿಲ್ಲ, ಬೇರೆಯವರ ಹೆಸರುಗಳೇ ಮೂರು ಪುಟ ತುಂಬಿವೆ ಎಂದರು. ಇದು ಒಂದು ತಿಂಗಳ ಉಮೇದು, ಅಕ್ಕಿ ಮಾತ್ರ ದಿನವೂ ಬೇಕು ಎಂದು ಒಬ್ಬ ಸದಸ್ಯರು ಆಕ್ಷೇಪಿಸಿದರು. ಅಕ್ಕಿ ಬೇಕೆಂದು ಮಾಸ್ತರರೂ ಒಪ್ಪಿದರು. ಕೊನೆಗೆ ಅಧ್ಯಕ್ಷರೇ ದಾರಿ ತೆಗೆದರು: ಮುಂದಿನ ಕೋಣೆ ಡಿಪೋಕ್ಕೆ, ಪಕ್ಕದ ಜಗಲಿಗೆ ತಟ್ಟಿ ಕಟ್ಟಿ ಕಪಾಟು ಅಲ್ಲಿಗೆ; ವೇಳೆ ಮೊದಲಿನಂತೆ, ಬೀಗದ ಕೈ ಮಾಸ್ತರರ ಬಳಿ. ಎಲ್ಲರೂ ಕೈ ಎತ್ತಿದರು.

ನಾನು ಆರು ಸಾಲು ಬರೆದು ಕಳಿಸಿದೆ. ರೂಢಿಯಂತೆ ಡಿಪೋದ ಸಂಗತಿ ಮೊದಲು, ಕಪಾಟು ಉಳಿದದ್ದು ಕೊನೆಗೆ. ಆ ವಾರ ಜಾಗ ಕಡಿಮೆಯಿತ್ತು. ಪತ್ರಿಕೆಯಲ್ಲಿ ಡಿಪೋ ಬಂತು, ಕಪಾಟು ಬರಲಿಲ್ಲ. ವಾಚನಾಲಯ ಮುಚ್ಚಿತೆಂದು ತಿಳಿದು ಕುಮಟೆಯಿಂದ ಇಬ್ಬರು ಗೆಳೆಯರು ಸಂತಾಪದ ಕಾರ್ಡು ಬರೆದರು. ಹಾಗಾಗಿ ಉಳಿದ ಸಂಗತಿಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಅಕ್ಕಿಯ ಸರದಿ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಜಗಲಿಯನ್ನು ಸುತ್ತಿ ಬೀದಿಗೆ ಇಳಿಯುತ್ತದೆ. ಪಾಳಿ ಬರಲು ಎರಡು ತಾಸು ಬೇಕು. ಜಗಲಿಯ ತಟ್ಟಿಯಲ್ಲಿ ಮಾಸ್ತರರು ಒಂದು ಕಿಂಡಿ ಬಿಡಿಸಿದ್ದಾರೆ. ನಿಂತವರು ಚೀಲ ಕಂಕುಳಲ್ಲಿ ಹಿಡಿದು ಅಲ್ಲಿಂದ ಪುಸ್ತಕ ಕೇಳುತ್ತಾರೆ. ನನ್ನ ಹದಿನೆಂಟನೆಯ ಪುಸ್ತಕವನ್ನು ಅರ್ಧ ಓದಿ, ಅವಧಿ ಮುಗಿದಿದ್ದರಿಂದ ಸೋಮವಾರ ಹಿಂದಿರುಗಿಸಿದೆ. ಅದಕ್ಕಾಗಿ ಸರದಿಯಲ್ಲಿ ಹೆಸರು ಬರೆಸಿದವರಲ್ಲಿ ಮೊದಲನೆಯವಳು ನರ್ಸ್‌ಬಾಯಿ, ಎರಡನೆಯವನು ಅಕ್ಕಿ ಅಳೆಯುವ ಗುಮಾಸ್ತ, ಮೂರನೆಯವರು ಅಧ್ಯಕ್ಷರ ಮನೆಯವರು. ನನ್ನ ಹೆಸರು ನಾಲ್ಕನೆಯದು.