ಎಂಬತ್ತೊಂದನೆಯ ಕಂತು

ಆರ್ಡಿಸ್ ಟಾರ್ಗರ್ಸನ್ ಮನೆಯಲ್ಲಿ ಶನಿವಾರ ಸಂಜೆ ಐದರಿಂದ ಆರರವರೆಗೆ ಮಾತಾಡುವಂತಿಲ್ಲ. ಕೆಮ್ಮು ಬಂದರೆ ಅಡುಗೆಮನೆಗೆ ಹೋಗಿ ಕೆಮ್ಮಿ ಬರಬೇಕು. ಇದು ಯಾರೋ ಹೇಳಿ ನಾನು ಕೇಳಿದ್ದಲ್ಲ. ಮೂವತ್ತೆಂಟು ವರ್ಷದಿಂದ ಆ ಅಡುಗೆಮನೆಗೆ ಹೋಗಿ ಕೆಮ್ಮಿ ಬಂದವನು ನಾನು. ಅವಳ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ನನ್ನ ಮನೆಯಲ್ಲಿ ಟಿ.ವಿ. ಇಲ್ಲ, ಅವಳ ಮನೆಯಲ್ಲಿ ಕಾಫಿ ಚೆನ್ನಾಗಿರುತ್ತದೆ. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇದೆಯೇ ಎಂದು ಊರಿನವರು ಬಹಳ ವರ್ಷ ಹುಡುಕಿದರು. ಸಿಗಲಿಲ್ಲ, ಬಿಟ್ಟರು.

ಆರ್ಡಿಸ್ ನಮ್ಮೂರ ಚೀಸ್ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಅಂಚು ಕತ್ತರಿಸುವ ಕೆಲಸ ಮಾಡಿದವಳು. ಚೀಸಿನ ದೊಡ್ಡ ಇಟ್ಟಿಗೆ ಮುಂದೆ ಬರುತ್ತದೆ, ಒಣಗಿದ್ದು, ಬಣ್ಣಗೆಟ್ಟಿದ್ದು ಕಂಡರೆ ಕತ್ತರಿಸಿ ಬಿಸಾಕಬೇಕು, ಒಳ್ಳೆಯದನ್ನು ಮುಂದೆ ತಳ್ಳಬೇಕು. ಈಗ ಎಂಬತ್ತೊಂದು ವರ್ಷ. ವಿಸ್ಕಾನ್ಸಿನ್‌ನ ಚಳಿಗೆ ಬೆರಳ ಗೆಣ್ಣುಗಳು ಊದಿಕೊಂಡಿವೆ. ಆದರೆ ಬಲಗೈ ಹೆಬ್ಬೆರಳು ಮಾತ್ರ ಇನ್ನೂ ಚುರುಕು. ಆ ಹೆಬ್ಬೆರಳಿನ ಕತೆಯೇ ಇದು.

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ‘ದೂರದ ಅಂಚೆ’ ಎನ್ನುವ ಧಾರಾವಾಹಿ ಶುರುವಾಯಿತು. ಮುನ್ನೂರು ವರ್ಷ ಕಳೆದ ಮೇಲೆ ನಕ್ಷತ್ರದಿಂದ ನಕ್ಷತ್ರಕ್ಕೆ ಕಾಗದ ಹೊತ್ತು ತಿರುಗುವ ಒಂದು ಹಡಗು, ಅದಕ್ಕೊಬ್ಬ ಕ್ಯಾಪ್ಟನ್. ನಾನು ಈ ಊರಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವನು, ಹಾಗಾಗಿ ಹೇಳುವ ಹಕ್ಕಿದೆ: ಅಷ್ಟು ಕಂತುಗಳಲ್ಲಿ ಆ ಮಹಾರಾಯ ಒಂದೇ ಒಂದು ಕಾಗದವನ್ನೂ ಹೊತ್ತಿಗೆ ಸರಿಯಾಗಿ ಮುಟ್ಟಿಸಲಿಲ್ಲ. ನಮ್ಮ ಪೋಸ್ಟ್‌ಮಾಸ್ಟರ್ ಆಗಿದ್ದರೆ ಮೊದಲ ವಾರವೇ ಅವನ ಟೋಪಿ ಕಿತ್ತುಕೊಳ್ಳುತ್ತಿದ್ದರು. ಆರ್ಡಿಸ್‌ಗೆ ಮಾತ್ರ ಆ ಧಾರಾವಾಹಿ ಅಂದರೆ ಪ್ರಾಣ. ಯಾಕೆ ಎಂದು ಒಮ್ಮೆ ಕೇಳಿದ್ದೆ. ಅಷ್ಟು ದೂರದಲ್ಲೂ ಯಾರೋ ಒಬ್ಬರು ಇನ್ನೊಬ್ಬರಿಗೆ ಕಾಗದ ಬರೀತಾರಲ್ಲ, ಅದಕ್ಕೆ ಎಂದಳು.

ನೂರ ಮೂವತ್ತೆರಡು ಕಂತುಗಳನ್ನೂ ಅವಳು ಟೇಪಿನಲ್ಲಿ ಹಿಡಿದಿಟ್ಟಳು, ಒಂದು ಟೇಪಿಗೆ ಎರಡರಂತೆ. ಹಿಡಿದಿಟ್ಟವರು ಬೇಕಾದಷ್ಟು ಜನ ಇದ್ದಾರು. ಆರ್ಡಿಸ್ ಹೆಚ್ಚುಗಾರಿಕೆ ಬೇರೆಯೇ. ಜಾಹೀರಾತು ಬಂದ ಕೂಡಲೇ ರಿಮೋಟಿನ ಗುಂಡಿ ಒತ್ತಿ ಟೇಪು ನಿಲ್ಲಿಸುವಳು, ಕತೆ ಮತ್ತೆ ಶುರುವಾಗುತ್ತಲೇ ಬಿಡುವಳು. ಆರು ವರ್ಷದ ಧಾರಾವಾಹಿಯಲ್ಲಿ ಒಂದು ಜಾಹೀರಾತೂ ಇಲ್ಲ. ಒಣ ಅಂಚನ್ನೆಲ್ಲ ಕತ್ತರಿಸಿ ಬಿಸಾಕಿದ್ದಳು. ಕಪಾಟಿನ ತುಂಬ ಟೇಪು, ಮೇಲೆ ಅವಳ ದುಂಡನೆಯ ಅಕ್ಷರದಲ್ಲಿ ಕಂತಿನ ಸಂಖ್ಯೆ, ತಾರೀಕು. ಧಾರಾವಾಹಿ ಮುಗಿದ ಮೇಲೆ ಮೊದಲಿಂದ ಶುರು ಮಾಡಿದಳು, ವಾರಕ್ಕೊಂದೇ ಕಂತು, ಶನಿವಾರ ಐದಕ್ಕೇ. ಮುಗಿಯಲು ಎರಡೂವರೆ ವರ್ಷ ಬೇಕು. ಮುಗಿದರೆ ಮತ್ತೆ ಒಂದನೆಯದು.

ಪ್ರತಿ ಸುತ್ತಿನಲ್ಲೂ ಎಂಬತ್ತನೆಯ ಕಂತಿನ ಮುಂದಿನ ವಾರ ಎಂಬತ್ತೆರಡನೆಯದು ಬರುತ್ತಿತ್ತು. ನಡುವಿನದನ್ನು ಅವಳು ಹಾಕುವುದಿಲ್ಲ, ನಾನು ಕೇಳುವುದಿಲ್ಲ.

ತೊಂಬತ್ತೊಂದರ ಫೆಬ್ರವರಿಯ ಶನಿವಾರ ಅದು. ಅವಳ ಗಂಡ ಹಾರ್ಲನ್ ನದಿಯ ಹಿನ್ನೀರಿನ ಮೇಲೆ, ಹೆಪ್ಪುಗಟ್ಟಿದ ಮಂಜಿನಲ್ಲಿ ತೂತು ಕೊರೆದು ಮೀನು ಹಿಡಿಯಲು ಹೋಗಿದ್ದ. ನಾವಿಬ್ಬರು ಟಿ.ವಿ. ಮುಂದೆ. ಪರದೆಯ ಮೇಲೆ ಕ್ಯಾಪ್ಟನ್ ಯಾರದೋ ಕಾಗದದ ಮೊಹರು ಒಡೆಯುತ್ತಿದ್ದ, ಬೇರೆಯವರ ಕಾಗದ ಒಡೆಯುವುದು ಎಂಥ ಅಪರಾಧ ಎಂದು ನಾನು ಒಳಗೊಳಗೇ ಬೈಯುತ್ತಿದ್ದೆ, ಆಗ ಫೋನ್ ಬಂತು. ಆ ಒಂದು ಗಂಟೆ ಫೋನನ್ನೂ ಎತ್ತಬಾರದು ಅನ್ನುವುದು ಮನೆಯ ನಿಯಮ. ಬಾರಿಸಿ ನಿಂತಿತು. ಮತ್ತೆ ಬಾರಿಸಿತು, ನಿಂತಿತು. ಮೂರನೆಯ ಸಲ ನಿಲ್ಲಲೇ ಇಲ್ಲ. ಆರ್ಡಿಸ್ ಬೈದುಕೊಂಡು ಎದ್ದಳು. ಹಾರ್ಲನ್ ಮಂಜಿನ ಮೇಲೆ ಎದೆ ಹಿಡಿದು ಬಿದ್ದಿದ್ದಾನೆ ಎಂದು ಆಸ್ಪತ್ರೆಯಿಂದ ಹೇಳಿದರು. ರಿಮೋಟ್ ಅಲ್ಲೇ ಬಿತ್ತು. ನನ್ನ ಗಾಡಿಯಲ್ಲಿ ಕರೆದುಕೊಂಡು ಹೋದೆ. ನಾವು ಮುಟ್ಟುವಷ್ಟರಲ್ಲಿ ಅವನು ಹೋಗಿದ್ದ. ನೀವು ಮೊದಲೇ ಬಂದಿದ್ದರೂ ಜೀವಂತ ಸಿಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಆರ್ಡಿಸ್ ತಲೆಯಾಡಿಸಿದಳು, ನಂಬಲಿಲ್ಲ.

ಟೇಪು ಮಾತ್ರ ತನ್ನ ಪಾಡಿಗೆ ಎರಡು ಗಂಟೆ ಓಡಿ, ತುಂಬಿ, ನಿಂತಿತ್ತು. ಅವಳು ಅದನ್ನು ನೋಡಲಿಲ್ಲ, ಅಳಿಸಲೂ ಇಲ್ಲ. ಸಂಖ್ಯೆ ಬರೆದು ಕಪಾಟಿನ ಹಿಂದಿನ ಸಾಲಿಗೆ ತಳ್ಳಿದಳು. ಆವತ್ತಿನಿಂದ ಅವಳ ಮನೆಯ ಫೋನ್ ಎರಡನೆಯ ಸಲ ಬಾರಿಸಿದ್ದನ್ನು ನಾನು ಕೇಳಿಲ್ಲ. ಮೊದಲನೆಯದಕ್ಕೇ ಎದ್ದು ಓಡುವಳು. ಛಾವಣಿ ರಿಪೇರಿ ಮಾಡಿಸಿಕೊಳ್ಳಿ ಎಂದು ದುಂಬಾಲು ಬೀಳುವವರೊಬ್ಬರು ಹೋದ ವರ್ಷದಿಂದ ಪ್ರತಿ ಶನಿವಾರ ಸಂಜೆ ಕಾಡುತ್ತಾರೆ. ಅವರಿಗೂ ಓಡುವಳು.

ಟ್ರೂಡಿ ವೆಂಜೆಲ್ ಬಂದದ್ದು ಹೋದ ವರ್ಷದ ನವೆಂಬರಿನಲ್ಲಿ. ಊರ ಹೋಟೆಲಿನಲ್ಲಿ ಶುಕ್ರವಾರದ ಮೀನಿನ ಊಟದ ಹೊತ್ತು ನಮ್ಮ ಮೇಜಿನ ಹತ್ತಿರ ನಿಂತಳು. ನಲವತ್ತೊಂದು ವರ್ಷ, ಶಾಲೆಯ ಬಸ್ಸು ಓಡಿಸುತ್ತಾಳೆ. ಅವಳಪ್ಪ ಗಸ್ ವೆಂಜೆಲ್‌ಗೆ ಮುಖ್ಯ ಬೀದಿಯಲ್ಲಿ ಸೋಫಾ ಅಂಗಡಿ ಇತ್ತು. ತನ್ನ ಜಾಹೀರಾತಿನಲ್ಲಿ ತಾನೇ ನಿಂತು ಮಾತಾಡುತ್ತಿದ್ದ ಮನುಷ್ಯ. ಹಾರ್ಲನ್ ತೀರಿಕೊಂಡ ವರ್ಷವೇ, ಬೇಸಿಗೆಯಲ್ಲಿ, ಅವನೂ ಹೋದ. ಆಗ ಟ್ರೂಡಿಗೆ ಏಳು ವರ್ಷ.

ಅವಳು ಕೂರಲಿಲ್ಲ, ಪೀಠಿಕೆಯನ್ನೂ ಹಾಕಲಿಲ್ಲ. "ಆರ್ಡಿಸ್ ಅವ್ರೇ, ಅಪ್ಪನ ಫೋಟೋ ಇದೆ, ಅಂಗಿ ಇದೆ. ಧ್ವನಿ ಮರ್ತೋಗಿದೆ ನಂಗೆ. ಟಿ.ವಿ. ಸ್ಟೇಷನ್ನಿನವ್ರು ಹಳೇದೆಲ್ಲ ಎಸ್ದ್‌ಬಿಟ್ರಂತೆ. ಶನಿವಾರ ಅಪ್ಪನ ಜಾಹೀರಾತು ಬರ್ತಿತ್ತಲ್ಲ, ನಿಮ್ಹತ್ರ ಎಲ್ಲ ಟೇಪೂ ಇದೆ ಅಂತಾರೆ."

ಆರ್ಡಿಸ್ ಕೈಯಲ್ಲಿದ್ದ ಮೀನಿನ ತುಂಡನ್ನು ತಟ್ಟೆಗೆ ಇಟ್ಟಳು. ಊರಲ್ಲಿ ಯಾರು ಸಿಕ್ಕರೂ ತನ್ನ ಟೇಪಿನಲ್ಲಿ ಒಂದೇ ಒಂದು ಜಾಹೀರಾತಿಲ್ಲ ಎಂದು ಹೇಳಿಕೊಂಡು ತಿರುಗಿದ ಹೆಂಗಸು. ಈಗ ಅದೇ ಮಾತನ್ನು ಹೇಳಬೇಕಾಯಿತು.

"ಇಲ್ಲ ಕಣಮ್ಮ. ನಾನೇ ಕತ್ತರಿಸ್ಬಿಟ್ಟೆ."

ಹುಡುಗಿ ಸರಿ ಎಂದಳು, ಥ್ಯಾಂಕ್ಸ್ ಎಂದಳು, ಹೊರಟಳು. ನನಗೆ ತಡೆಯಲಾಗಲಿಲ್ಲ. ಆರ್ಡಿಸ್ ಹೆಬ್ಬೆರಳು ಎಷ್ಟೇ ಚುರುಕಾದರೂ ಪ್ರತಿ ಸಲ ಒಂದು ಸೆಕೆಂಡು ತಡ, ಪ್ರತಿ ಜಾಹೀರಾತಿನ ತಲೆ ಅಷ್ಟು ಉಳಿದಿದೆ ಎಂದುಬಿಟ್ಟೆ. ಹಡಗಿಗೆ ಬೆಂಕಿ ಬಿದ್ದಿರುತ್ತದೆ, ನಡುವೆ ಗಸ್ ವೆಂಜೆಲ್ ಒಂದು ಕ್ಷಣ ಹಲ್ಲು ಕಿರಿದು ಮಾಯ. ಅದನ್ನು ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು. ಆರ್ಡಿಸ್ ನನ್ನನ್ನು ನುಂಗುವ ಹಾಗೆ ನೋಡಿದಳು. ಮೂವತ್ತೆಂಟು ವರ್ಷದಲ್ಲಿ ಅವಳ ಕೆಲಸದಲ್ಲಿ ನಾನು ತೆಗೆದ ಮೊದಲ ತಪ್ಪು ಅದು.

ಮುಂದಿನ ಶನಿವಾರದಿಂದ ಟ್ರೂಡಿ ಬರತೊಡಗಿದಳು. ಮೊದಲ ದಿನವೇ, ತಾನು ಧಾರಾವಾಹಿಗಳನ್ನು ಹತ್ತು ಹತ್ತು ಕಂತು ಒಟ್ಟಿಗೆ ನೋಡುತ್ತೇನೆ, ಒಂದು ಭಾನುವಾರ ಸಾಕು ಎಂದಳು. ಬೆಳಗಿನ ತಿಂಡಿಗೇ ಆ ವಾರದ ಊಟವನ್ನೆಲ್ಲ ಬಡಿಸಿಕೊಂಡು ಉಣ್ಣುತ್ತೀಯಾ ಎಂದು ಆರ್ಡಿಸ್ ಕೇಳಿದಳು. ಆದರೆ ನಿಯಮ ಮುರಿದವಳು ಅವಳೇ. ಶನಿವಾರಕ್ಕೆ ನಾಲ್ಕೈದು ಟೇಪು ಹಾಕಿ, ಕತೆಯನ್ನು ಓಡಿಸಿ, ಜಾಹೀರಾತಿನ ಕಡೆ ಮಾತ್ರ ನಿಲ್ಲಿಸಿದಳು. ತಾನು ಬಿಸಾಕಿದ್ದನ್ನು ತಾನೇ ಹೆಕ್ಕುತ್ತಿದ್ದಳು.

ಸಿಕ್ಕಿದ್ದು ಇಷ್ಟು. ಗಸ್ ಸೋಫಾದ ಪಕ್ಕ ನಿಂತಿರುತ್ತಾನೆ, ಅದರ ಕೈಯನ್ನು ತಟ್ಟುತ್ತಾನೆ, "ನೋಡಿ" ಅನ್ನುತ್ತಾನೆ. ಮುಗಿಯಿತು. ಕೆಲವು ಕಡೆ "ನೋ" ಅಷ್ಟೇ. ಜನವರಿ ಹೊತ್ತಿಗೆ ಎಂಬತ್ತು ಕಂತು ಮುಗಿದವು, ಇಪ್ಪತ್ತಾರು ಸಲ ಗಸ್ ಸಿಕ್ಕ. ಟ್ರೂಡಿ ಪ್ರತಿಯೊಂದನ್ನೂ ಕತ್ತು ಮುಂದೆ ಚಾಚಿ ಕೇಳುತ್ತಿದ್ದಳು. ಒಂದು ದಿನ ಹೇಳಿದಳು, "ಒಂದೇ ಮಾತಲ್ಲಿ ಧ್ವನಿ ಗೊತ್ತಾಗಲ್ಲ ಅಲ್ವಾ. ಯಾರು ಬೇಕಾದ್ರೂ ಆಗ್ಬೋದು."

ಹಿಂದಿನ ಸಾಲಿನಲ್ಲಿ ಏನಿದೆ ಎಂಬುದು ನನಗೆ ಗೊತ್ತಿತ್ತು. ಗಸ್ ಆ ಚಳಿಗಾಲದಲ್ಲಿ ಇನ್ನೂ ಬದುಕಿದ್ದ, ಜಾಹೀರಾತು ಬರುತ್ತಿತ್ತು, ಆ ಒಂದು ಸಂಜೆ ಗುಂಡಿ ಒತ್ತಲು ಯಾರೂ ಇರಲಿಲ್ಲ. ಹೇಳಿದರೆ ಆರ್ಡಿಸ್‌ಗೆ ಅನ್ಯಾಯ, ಹೇಳದಿದ್ದರೆ ಈ ಹುಡುಗಿಗೆ. ಆ ಸಂಜೆ ಫೋನಿನ ಹತ್ತಿರ ಮೂರು ಸಲ ಎದ್ದು ಹೋಗಬಹುದಿತ್ತು ಎನ್ನುವುದು ನನಗೂ ಗೊತ್ತಿದ್ದ ವಿಷಯ, ಕಾಲು ನನಗೂ ಇದ್ದವು. ಬಾಯಿ ಮುಚ್ಚಿಕೊಂಡು ಕಾಫಿ ಕುಡಿದೆ. ಹೇಡಿ ಅನ್ನಿ, ಒಪ್ಪಿಕೊಳ್ಳುತ್ತೇನೆ.

ಟ್ರೂಡಿ ಕೋಟು ಹಾಕಿಕೊಂಡು, ಇಷ್ಟು ಸಿಕ್ಕಿದ್ದೇ ದೊಡ್ಡದು, ಉಳಿದದ್ದರಲ್ಲೂ ಅದೇ ಒಂದು ಮಾತು ತಾನೇ, ಮುಂದಿನ ವಾರದಿಂದ ತೊಂದರೆ ಕೊಡಲ್ಲ ಎಂದಳು. ಬಾಗಿಲ ಹಿಡಿ ಅವಳ ಕೈಯಲ್ಲಿತ್ತು.

ಆರ್ಡಿಸ್ ಟಿ.ವಿ.ಯನ್ನೇ ನೋಡುತ್ತ ಹೇಳಿದಳು, "ಇನ್ನೊಂದಿದೆ. ಬಾ ಮುಂದಿನ್ ವಾರ."

ಆ ಶನಿವಾರ ಅವಳು ಆಲೂಗೆಡ್ಡೆ, ಮಾಂಸ ಒಟ್ಟಿಗೆ ಬೇಯಿಸಿಟ್ಟಿದ್ದಳು. ಯಾರೂ ಮುಟ್ಟಲಿಲ್ಲ. ಟೇಪಿನ ಮೇಲಿನ ಧೂಳನ್ನು ಏಪ್ರನ್ನಿನ ಅಂಚಿನಲ್ಲಿ ಒರೆಸಿ ಒಳಗೆ ತಳ್ಳಿದಳು. ಓಡಿಸಲಿಲ್ಲ, ಮೊದಲಿಂದಲೇ ನೋಡಿದಳು. ಹಡಗು ಹೊರಟಿತು, ಯಾರೋ ಒಂದು ಚೀಲ ಕೊಟ್ಟರು, ಕ್ಯಾಪ್ಟನ್ ಕಾಗದ ಕೈಗೆತ್ತಿಕೊಂಡ.

"ಇಲ್ಲಿ ಕಣೋ ಲಾಯ್ಡ್, ಮೊದಲ್ನೇ ಫೋನು," ಎಂದಳು.

ಹೌದು ಎಂದೆ. ಅವಳು ಗಡಿಯಾರ ನೋಡಿದಳು. ಮೊಹರು ಒಡೆಯಿತು. ಅವನು ಓದಿದ, ಯಾರಿಗೂ ಹೇಳಲಿಲ್ಲ, ಕಿಟಕಿಯ ಹತ್ತಿರ ನಿಂತ. ಎರಡನೆಯದು ಇಲ್ಲಿರಬೇಕು ಎಂದುಕೊಂಡೆ. ಜೊತೆಯ ಚಾಲಕಿ ಒಳಗೆ ಬಂದಳು. ಇಲ್ಲಿಂದ ಮುಂದೆ ನಾನು ನೋಡಿದ ನೆನಪಿಲ್ಲ. ನಾವು ಎದ್ದ ಜಾಗ ಅದೇ.

ಆರ್ಡಿಸ್ ಮತ್ತೆ ಗಡಿಯಾರ ನೋಡಿದಳು. "ನಾವು ಫೋನ್ ಎತ್ತದೆ ಕೂತಿದ್ದು ಮೂರು ನಿಮಿಷ," ಎಂದಳು. "ನಾನು ಕಾಲು ಗಂಟೆ ಅಂತ ಇಟ್ಕೊಂಡಿದ್ದೆ. ಇಷ್ಟ್ ವರ್ಷ."

ನಾನೂ ಹಾಗೇ ಅಂದುಕೊಂಡಿದ್ದೆ. ಅಡುಗೆಮನೆಗೆ ಹೋಗಿ ಕೆಮ್ಮಿ ಬರಬೇಕಾದವನು ಕೂತಲ್ಲೇ ಕೆಮ್ಮಿದೆ.

ಅಷ್ಟರಲ್ಲಿ ಕತೆ ನಿಂತಿತು. ಗಸ್ ಬಂದ, ಸೋಫಾದ ಕೈ ತಟ್ಟಿದ, "ನೋಡಿ" ಎಂದ, ಪರದೆ ಗಕ್ಕನೆ ನಿಂತಿತು. ಆರ್ಡಿಸ್ ಹೆಬ್ಬೆರಳು ಒತ್ತಿಬಿಟ್ಟಿತ್ತು.

ಅವಳು ತನ್ನ ಕೈಯನ್ನೇ ಒಂದು ಗಳಿಗೆ ನೋಡಿ ರಿಮೋಟನ್ನು ಟ್ರೂಡಿಗೆ ಕೊಟ್ಟಳು. "ತಗೋ, ನೀನೇ ಇಟ್ಕೋ. ಈ ಬೆರಳಿಗೆ ಬುದ್ಧಿ ಇಲ್ಲ."

ಟ್ರೂಡಿ ಗುಂಡಿ ಒತ್ತಿದಳು.

"...ಈ ಸೋಫಾ ಮೇಲೆ ನನ್ ಮಗಳು ಬೆಳಿಗ್ಗೆಯಿಂದ ಕುಣೀತಿದಾಳೆ. ಒಂದ್ ಸ್ಪ್ರಿಂಗೂ ಅಲ್ಲಾಡಿಲ್ಲ. ಅಲ್ಲಾಡ್ತಿರೋದು ನನ್ ಮಂಡಿ. ಬನ್ನಿ, ನೀವೂ ಒಂದ್ ಗಳಿಗೆ ಕೂತ್ಕೊಳ್ಳಿ." ಗಸ್ ಉಸ್ಸೆಂದು ಕೂತ. ಅರ್ಧ ನಿಮಿಷ ಆಗಿರಬೇಕು.

ಟ್ರೂಡಿ ಅಳಲಿಲ್ಲ, ನಕ್ಕಳು. "ಇಷ್ಟ್ ಕೀರಲು ಧ್ವನಿನಾ! ಗಡುಸಾಗಿರುತ್ತೆ ಅನ್ಕೊಂಡಿದ್ದೆ." ಆಮೇಲೆ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನು ಅಲ್ಲೇ ಇದ್ದೆ. ಕ್ಯಾಮರಾ ಹಿಂದೆ ನಿಂತಿದ್ದೆ," ಎಂದಳು.

ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಗಸ್ ತಟ್ಟಿದ. ಆಗಲೇ ಅಡುಗೆಮನೆಯಲ್ಲಿ ಫೋನ್ ಬಾರಿಸಿತು. ಶನಿವಾರ, ಐದೂ ಇಪ್ಪತ್ತು, ಛಾವಣಿಯವರೇ ಇರಬೇಕು. ಆರ್ಡಿಸ್ ಕುರ್ಚಿಯ ಕೈಗೆ ಎರಡೂ ಅಂಗೈ ಊರಿ ಅರ್ಧ ಎದ್ದಳು. ಎರಡನೆಯ ಸಲ ಬಾರಿಸಿತು. ನಾನು ಹೋಗುತ್ತೇನೆ ಎಂದು ಎದ್ದು ನಿಂತೆ.

"ಕೂತ್ಕೋ ಲಾಯ್ಡ್," ಎಂದಳು. ತಾನೂ ಮೆಲ್ಲಗೆ ಕೂತಳು. "ಇವಳಪ್ಪ ಮಾತಾಡ್ತಿದಾನೆ."

ಫೋನ್ ಒಂಬತ್ತು ಸಲ ಬಾರಿಸಿ ನಿಂತಿತು.